ನುಂಗದವಳ ಬಟ್ಟಲು

ನಾನು ಒಂದು ಪಿಂಗಾಣಿ ಬಟ್ಟಲು. ಅಂಗೈಯಲ್ಲಿ ಅಡಗುವಷ್ಟು ಗಾತ್ರ, ಹಾಲಿನ ಬಿಳುಪು, ಒಳಗೆ ತಳದಲ್ಲಿ ಒಂದರೊಳಗೊಂದು ನೀಲಿ ಉಂಗುರ. ಜಪಾನಿನ ಒಂದು ಬೆಟ್ಟದೂರಿನಲ್ಲಿ ಹುಟ್ಟಿದೆ. ಅಲ್ಲಿ ಜೇಡಿಮಣ್ಣಿನ ಧೂಳು ಮನೆಗಳ ಹಂಚಿನ ಮೇಲೂ ಕೂತಿರುತ್ತದೆ. ಚಹಾದ ಬಟ್ಟಲು, ಅನ್ನದ ಬಟ್ಟಲು, ಹೂದಾನಿಗಳು ನನ್ನ ಜೊತೆಗೇ ಒಲೆಯಿಂದ ಇಳಿದವು. ಅವುಗಳ ಮೈಮೇಲೆ ಬಿದಿರು, ಕೊಕ್ಕರೆ, ಹೂವು ಬರೆದಿದ್ದರು. ನನ್ನ ಉಂಗುರ ಅಂದಕ್ಕೆ ಬರೆದದ್ದಲ್ಲ. ಸಾಕೆ ಎಂಬ ಅಕ್ಕಿಯ ಮದ್ಯವನ್ನು ನನ್ನಲ್ಲಿ ಸುರಿದರೆ ಬಿಳಿಯ ಮೇಲೆ ಅದರ ಬಣ್ಣ ಕಾಣಬೇಕು. ನೀಲಿಯ ಅಂಚು ಮಸುಕಾದರೆ ಮದ್ಯ ಕದಡಿದೆ ಎಂದು ತಿಳಿಯಬೇಕು. ಕುಡಿಯುವುದಕ್ಕಿಂತ ಅನುಮಾನಪಡುವುದಕ್ಕೆಂದೇ ನನ್ನನ್ನು ಮಾಡಿದ್ದರು.

ನನ್ನ ಮೊದಲ ಯಜಮಾನರು ತೊಕುಜೋ ಇಗರಾಶಿ. ಉತ್ತರದ ಹಿಮದ ನಾಡಿನಲ್ಲಿ ಅವರದೊಂದು ಸಣ್ಣ ಸಾಕೆ ಭಟ್ಟಿ. ಚಳಿಗಾಲದಲ್ಲಿ ಹಿಮ ಕಿಟಕಿಯ ಎತ್ತರಕ್ಕೆ ಬೀಳುತ್ತಿತ್ತು, ಆಗಲೇ ಕೆಲಸವೂ ಜೋರು. ತೊಕುಜೋ ಅವರಿಗೆ ಯಾವುದರ ಮೇಲೂ ನಂಬಿಕೆ ಇರಲಿಲ್ಲ. ಅಕ್ಕಿ ಬಂದರೆ ಕಾಳು ಕಚ್ಚಿ ನೋಡುವರು. ಅಜ್ಜನ ಕಾಲದಿಂದ ಕುಡಿದ ಬಾವಿಯ ನೀರನ್ನೂ ದಿನಾ ಬೆಳಿಗ್ಗೆ ಬಾಯಲ್ಲಿ ಮುಕ್ಕಳಿಸಿ ನೋಡುವರು. ಬೆಂದ ಅಕ್ಕಿಯ ಮೇಲೆ ಕೋಜಿ ಎಂಬ ಬೂಷ್ಟು ಬೆಳೆಸುವ ಬೆಚ್ಚನೆಯ ಕೋಣೆಯೊಂದಿತ್ತು. ಆ ಬೂಷ್ಟೇ ಅಕ್ಕಿಯನ್ನು ಸಿಹಿಯಾಗಿಸುವುದು. ಅದರ ಬಾಗಿಲಿಗೆ ಹೋಗಿ ಕಿವಿಗೊಟ್ಟು ನಿಲ್ಲುವರು, ಒಳಗೆ ಬೂಷ್ಟು ತಮ್ಮ ಬಗ್ಗೆ ಏನೋ ಮಾತಾಡಿಕೊಳ್ಳುತ್ತಿದೆ ಎನ್ನುವಂತೆ. ಸಂಜೆ ನನ್ನಲ್ಲಿ ಒಂದಿಷ್ಟು ಸುರಿದು, ಮೂಗಿನ ಹತ್ತಿರ ತಂದು, ಹುಬ್ಬು ಗಂಟಿಕ್ಕುವರು. ಅವರು ನಕ್ಕಿದ್ದನ್ನು ನಾನು ಕೆಳಗಿನಿಂದ ಎಂದೂ ನೋಡಿರಲಿಲ್ಲ.

ಮಗಳು ಚಿಜುಕೊ ಬೇರೆ ಸ್ವಭಾವದವಳು. ಅಪ್ಪನ ಸಾಕೆ ಊರಾಚೆಗೂ ಹೋಗಬೇಕೆಂದು ಅವಳ ಆಸೆ. ಬೇರೆ ಬೇರೆ ಸೀಮೆಯ ಭಟ್ಟಿಯವರು ಸಾಲಾಗಿ ಮೇಜು ಹಾಕಿಕೊಂಡು ಜನರಿಗೆ ರುಚಿ ತೋರಿಸುವ ಕೂಟಗಳಿಗೆಲ್ಲ ನನ್ನನ್ನು ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಿದ್ದಳು. ಹಾಗೆ ಒಯ್ಯುತ್ತಾ ಒಯ್ಯುತ್ತಾ ಒಮ್ಮೆ ಮಂಗಳೂರಿಗೇ ಕರೆತಂದಳು. ಅಲ್ಲಿ ಕಡಲ ಬದಿಯ ದೊಡ್ಡ ಹೋಟೆಲಿನಲ್ಲಿ ಜಪಾನಿ ಎಂಜಿನಿಯರುಗಳು ಬಂದು ಇಳಿಯುತ್ತಿದ್ದರು. ಅವರಿಗೂ ಊರಿನ ಗಣ್ಯರಿಗೂ ಒಂದು ಸಾಕೆ ಕೂಟ ಏರ್ಪಾಡಾಗಿತ್ತು.

ಆ ಹೋಟೆಲಿಗೆ ಬರುವ ಪ್ರತಿ ಪಾನೀಯವನ್ನೂ ಒಪ್ಪುವ, ತಿರಸ್ಕರಿಸುವ ಅಧಿಕಾರ ವಾರಿಜಾ ಕೋಟ್ಯಾನ್ ಎಂಬವಳದು. ಅತಿಥಿಗಳು ಬರುವ ಮುಂಚೆ ಅವಳು ಮೇಜಿನ ಹತ್ತಿರ ಬಂದಳು. ಒಂದೊಂದೇ ಸೀಸೆಯಿಂದ ನನ್ನಲ್ಲಿ ಸುರಿದು, ಮೂಸಿ, ಬಾಯಿಗೆ ಹಾಕಿ, ಪಕ್ಕದ ಸ್ಟೀಲ್ ಲೋಟಕ್ಕೆ ಉಗುಳಿದಳು. ಕೊನೆಯ ಸೀಸೆಯದನ್ನು ಬಾಯಿಗೂ ಹಾಕಲಿಲ್ಲ. ಅದು ಜೇನಿನ ಬಣ್ಣಕ್ಕಿತ್ತು. ಅವಳ ಕಣ್ಣು ನನ್ನ ತಳದಲ್ಲೇ ನಿಂತಿತು. ತೊಕುಜೋ ಅವರ ಕಣ್ಣಿನಲ್ಲಿ ಕಂಡ ಅದೇ ನೋಟ.

"ಇದು ಹಾಳಾಗಿದೆ," ಅಂದಳು. ಇಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲಿ. ವಾರಿಜಾಳ ಇಂಗ್ಲಿಷಿಗೂ ಮಂಗಳೂರಿನ ಕನ್ನಡದ್ದೇ ಧಾಟಿ.

"ಹಾಳಾದದ್ದಲ್ಲ, ಹಳೆಯದು," ಅಂದಳು ಚಿಜುಕೊ. "ಅಪ್ಪ ಬೇಕೆಂದೇ ವರ್ಷಗಟ್ಟಲೆ ಇಟ್ಟದ್ದು. ಇಟ್ಟರೆ ಬಣ್ಣ ಹೀಗೆ ಬರುತ್ತದೆ."

"ಎಲ್ಲರೂ ಹಾಗೆಯೇ ಹೇಳುದು."

ಚಿಜುಕೊ ನನ್ನನ್ನೆತ್ತಿ ಪೂರಾ ಕುಡಿದಳು. "ನೋಡಿ. ನನಗೇನೂ ಆಗಲಿಲ್ಲ."

"ನೀವು ಕುಡಿದ್ರೆ ನನಗೆ ಎಂತ ಗೊತ್ತಾಗ್ತದೆ? ನೀವು ಇದನ್ನು ನಂಬಿದ್ದೀರಿ ಅಂತ ಮಾತ್ರ ಗೊತ್ತಾಗ್ತದೆ."

ಮ್ಯಾನೇಜರ್ ಭಂಡಾರ್ಕರ್ ಓಡಿ ಬಂದರು. "ಮ್ಯಾಡಮ್, ಗೆಸ್ಟ್ ಬರುವ ಹೊತ್ತಾಯ್ತು. ಒಂದು ಗುಟುಕು ನುಂಗಿ ನೋಡಿಯಲ್ಲ, ಅಷ್ಟಕ್ಕೆ ಎಂತ ಕಷ್ಟ?"

"ನನ್ನಿಂದ ಆಗ್ಲಿಕ್ಕಿಲ್ಲ. ಎಲ್ಲ ಸೀಸೆ ಒಳಗೆ ಹೋಗ್ಲಿ. ಲ್ಯಾಬಿಗೆ ಕಳಿಸುವ."

"ಲ್ಯಾಬಿನವರು ಸರಿ ಉಂಟು ಅಂದ್ರೆ? ಆಗ ಉತ್ತರ ಯಾರು ಕೊಡುದು?"

"ನಾನು ಕೊಡ್ತೇನೆ."

ಆ ಸಂಜೆ ಅತಿಥಿಗಳು ಎಳನೀರು ಕುಡಿದು ಚದುರಿದರು. ಚಿಜುಕೊ ಬರಿದಾದ ಮೇಜಿನ ಹಿಂದೆ ಕೊನೆಯವರೆಗೂ ನಿಂತೇ ಇದ್ದಳು. ವಾರಿಜಾ ಸೀಸೆಗಳ ಜೊತೆ ನನ್ನನ್ನೂ ಜಪ್ತಿ ಮಾಡಿದಳು. ಬಟ್ಟಲಿನ ಮೆರುಗಿನಲ್ಲಿ ಸೀಸದ ವಿಷ ಇದ್ದರೂ ಇರಬಹುದು ಎಂದು ಅವಳ ಗುಮಾನಿ. ನನಗೆ ಅವಮಾನವಾಗಬೇಕಿತ್ತು. ಬದಲಿಗೆ, ಈಕೆಯ ಅನುಮಾನದ ಹಿಂದೆ ಏನೋ ಇದೆ ಎಂದು ನನಗೇ ಅನುಮಾನವಾಯಿತು.

ಅದು ಏನೆಂದು ಅವಳ ಮನೆಯಲ್ಲಿ ತಿಳಿಯಿತು. ಸುರತ್ಕಲ್ ಕಡೆಯ ಆ ಪುಟ್ಟ ಮನೆಯಲ್ಲಿ ಅವಳೂ ಅವಳ ಅಪ್ಪ ಸಂಜೀವ ಕೋಟ್ಯಾನರೂ ಇದ್ದರು. ಅವಳು ನನ್ನನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಾಗ ಅವರು ಸದ್ದು ಕೇಳಿ ಕೈ ಚಾಚಿದರು. ಬೆರಳುಗಳು ನನ್ನ ಅಂಚು, ಹೊಟ್ಟೆ, ತಳ ಎಲ್ಲವನ್ನೂ ಸವರಿದವು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

"ಕುಡಿಯುವ ಬಟ್ಟಲಾ?"

"ಜಪಾನಿನದ್ದು. ನಾಳೆ ಲ್ಯಾಬಿಗೆ ಕೊಡ್ಲಿಕ್ಕೆ ತಂದದ್ದು."

"ಇವತ್ತು ಕೂಟ ನಿಲ್ಲಿಸಿದಿಯಂತೆ. ಪಕ್ಕದ ಮನೆಯ ಡ್ರೈವರ್ ಹೇಳಿದ."

ವಾರಿಜಾ ಚೀಲವನ್ನು ಗೂಟಕ್ಕೆ ತೂಗುಹಾಕಿದಳು.

"ನೀನು ಬಾಯಿಗೆ ಹಾಕಿ ಉಗುಳುದು. ಇಷ್ಟು ವರ್ಷದಲ್ಲಿ ಒಂದು ಗುಟುಕು ನುಂಗಲಿಲ್ಲ. ನನ್ನ ದೆಸೆಯಿಂದ ಅಲ್ವಾ?"

ಸಂಜೀವ ಕೋಟ್ಯಾನರು ಪ್ರಾಯದಲ್ಲಿ ತಾಳೆ ಮರ ಹತ್ತಿ ಶೇಂದಿ ಇಳಿಸುತ್ತಿದ್ದವರು. ನೆಂಟರ ಮದುವೆಯ ಹಿಂದಿನ ದಿನ ಗೆಳೆಯ ಬಾಬು ಎಲ್ಲಿಂದಲೋ ಕಳ್ಳಭಟ್ಟಿ ತಂದಿದ್ದ. ಇವರು ಬೇಡ ಅಂದರು. "ನಾನು ಕುಡೀತೇನೆ, ನೋಡು," ಅಂದು ಬಾಬು ಮೊದಲು ಕುಡಿದ. ಆಮೇಲೆ ಇವರು ಕುಡಿದರು. ಬಾಬು ಬದುಕಲಿಲ್ಲ. ಇವರು ಬದುಕಿದರು, ಕಣ್ಣು ಉಳಿಯಲಿಲ್ಲ. ಬಾಬು ಮೋಸ ಮಾಡಿದ್ದರೆ ಬೈಯಬಹುದಿತ್ತು. ಅವನು ಮನಸಾರೆ ನಂಬಿಯೇ ಕೊಟ್ಟಿದ್ದ. ವಾರಿಜಾ ಆಗ ಶಾಲೆಗೆ ಹೋಗುತ್ತಿದ್ದಳು.

ಲ್ಯಾಬಿನಿಂದ ಉತ್ತರ ಬಂತು: ಸಾಕೆಯಲ್ಲಿ ದೋಷವಿಲ್ಲ, ಬಟ್ಟಲಿನಲ್ಲೂ ಇಲ್ಲ. ಭಂಡಾರ್ಕರ್ ಅದನ್ನು ಓದಿ ಹೇಳುವಾಗ ಧ್ವನಿ ಏರಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. ವಾರಿಜಾ ಎಲ್ಲ ಕೇಳಿ, "ಅದು ಕಳಿಸಿದ ಸೀಸೆಯ ಮಾತು. ಉಳಿದದ್ದು?" ಅಂದಳು. ಆಗ ಅವರು ಕೈಮುಗಿದರು. "ಮ್ಯಾಡಮ್, ಹೀಗಾದ್ರೆ ಆಗ್ಲಿಕ್ಕಿಲ್ಲ. ಆ ಹೆಂಗಸು ಊರಿಗೆ ಹೋಗುವಾಗ, ನಂಬಿಕೆ ಬಾರದಿದ್ರೆ ಬಂದು ನೋಡ್ಲಿ ಅಂತ ಹೇಳಿ ಹೋಗಿದ್ದಾರೆ. ನೀವು ಹೋಗಿ ನೋಡಿ ಬನ್ನಿ. ಇಲ್ಲದಿದ್ರೆ ಈ ಕೆಲಸಕ್ಕೆ ಬೇರೆಯವರನ್ನು ಇಡುವ."

ಹಾಗೆ ನಾನು ವಾರಿಜಾಳ ಚೀಲದಲ್ಲಿ ಮರಳಿ ಜಪಾನಿಗೆ ಹೊರಟೆ. ನನ್ನನ್ನು ಹಿಂದಿರುಗಿಸಿಬಿಟ್ಟರೆ ಋಣ ಹರಿಯಿತು ಎಂಬುದು ಅವಳ ಲೆಕ್ಕ.

ಚಿಜುಕೊ ಮೊದಲು ಅವಳನ್ನು ನಗರದ ಒಂದು ದೊಡ್ಡ ಕೂಟಕ್ಕೆ ಕರೆದೊಯ್ದಳು. ಪಶ್ಚಿಮದ ಕಡಲ ತೀರದ ಭಟ್ಟಿಯವರು ತಮ್ಮದು ಗಡುಸು ನೀರು, ಅದಕ್ಕೇ ಸಾಕೆ ಖಡಕ್ ಅಂದರು. ಹಳೆಯ ರಾಜಧಾನಿಯ ಕಡೆಯವರು ತಮ್ಮ ನೀರು ಮೆದು, ಸಾಕೆ ನಾಲಿಗೆಯ ಮೇಲೆ ಜಾರುತ್ತದೆ ಅಂದರು. ಬೆಟ್ಟದ ಮೇಲಿನ ಒಬ್ಬ, ಗಾಳಿಯಲ್ಲಿರುವ ಹುಳಿಯನ್ನೇ ಕಾದು ಬರಮಾಡಿಕೊಳ್ಳುವುದು ತಮ್ಮ ಹಳೆಯ ಪದ್ಧತಿ ಎಂದು ಮಜ್ಜಿಗೆಯ ಹುಳಿಯಂಥದ್ದೊಂದನ್ನು ಕೊಟ್ಟ. ವಾರಿಜಾ ಎಲ್ಲವನ್ನೂ ಬಾಯಿಗೆ ಹಾಕಿದಳು, ಎಲ್ಲವನ್ನೂ ಉಗುಳಿದಳು. ಆದರೆ ಬೆಟ್ಟದವನ ಮೇಜಿನ ಮುಂದೆ ಸ್ವಲ್ಪ ಹೊತ್ತು ನಿಂತಳು.

"ನನ್ನ ಅಪ್ಪನೂ ಹೀಗೇ ಹೇಳ್ತಿದ್ದರು," ಅಂದಳು ಚಿಜುಕೊಗೆ. "ಕಡಲ ಬದಿಯ ಮರದ ಶೇಂದಿ ಬೇರೆ, ಗದ್ದೆ ಬದಿಯದ್ದು ಬೇರೆ ಅಂತ. ಕಣ್ಣು ಕಟ್ಟಿ ಕೊಟ್ಟರೂ ಹೇಳ್ತಿದ್ದರು." ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳ ಮುಖ ಕಪ್ಪಿಟ್ಟಿತು. ಚಿಜುಕೊ ಅವಳನ್ನು ಮುಂದಿನ ಮೇಜಿಗೆ ಕರೆದೊಯ್ದಳು.

ಉತ್ತರದ ಭಟ್ಟಿ ತಲುಪಿದಾಗ ಹಿಮ ಸುರಿಯುತ್ತಿತ್ತು. ತೊಕುಜೋ ಬಾಗಿಲಲ್ಲೇ ನಿಂತಿದ್ದರು. ಈಗ ತುಂಬಾ ಮುದುಕರಾಗಿದ್ದರು. ವಾರಿಜಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮಗಳಿಗೆ ಹೇಳಿದರು: "ಮೊಸರು ತಿಂದಿದ್ದಾಳಾ ಕೇಳು."

ಚಿಜುಕೊ ನಾಚಿಕೊಂಡೇ ಕೇಳಿದಳು.

"ದಿನಾ ತಿಂತೇನೆ. ಬರುವಾಗಲೂ ತಿಂದೆ. ಯಾಕೆ?"

"ಮೊಸರಿನ ಜೀವಾಣು ಮೈಗಂಟಿ ಬಂದರೆ ಕೋಜಿ ಕೆಡುತ್ತದೆ ಅಂತ ಅಪ್ಪನ ಭಯ. ನಾವೂ ಚಳಿಗಾಲವಿಡೀ ಮುಟ್ಟುವುದಿಲ್ಲ."

"ಹಾಗಾದರೆ ಒಳಗೆ ಬೇಡ," ಅಂದರು ಮುದುಕರು. "ಕೆಲವು ದಿನ ಕಳೆಯಲಿ. ಮೈ ತೊಳೆಯಲಿ, ಬಟ್ಟೆ ಬದಲಿಸಲಿ, ಆಮೇಲೆ ನೋಡೋಣ."

"ಅಪ್ಪಾ, ಇಂಡಿಯಾದಿಂದ ಬಂದಿದ್ದಾರೆ."

"ಬೂಷ್ಟಿಗೆ ಇಂಡಿಯಾ ಗೊತ್ತಿಲ್ಲ."

ಚಿಜುಕೊ ಇದನ್ನು ತಗ್ಗಿದ ದನಿಯಲ್ಲಿ ಇಂಗ್ಲಿಷಿಗೆ ತಿರುಗಿಸಿದಾಗ ವಾರಿಜಾ ನಕ್ಕುಬಿಟ್ಟಳು. ಅಷ್ಟು ದಿನ ಅವಳ ಚೀಲದಲ್ಲಿದ್ದ ನಾನು ಅವಳ ನಗು ಕೇಳಿದ್ದು ಅದೇ ಮೊದಲು. ಇಷ್ಟು ದೂರ ಬಂದವಳನ್ನು ಹೊರಗೆ ನಿಲ್ಲಿಸಿದ ಮನುಷ್ಯನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಊರಿನ ಛತ್ರದಂಥ ಸಣ್ಣ ವಸತಿಯಲ್ಲಿ ಬರೀ ಅನ್ನ, ಮೀನು ತಿಂದು ಕಾದಳು.

ಕೊನೆಗೆ ಒಳಗೆ ಬಿಟ್ಟರು. ಅಕ್ಕಿ ತೊಳೆಯುವುದು, ಹಬೆಯಲ್ಲಿ ಬೇಯಿಸುವುದು, ಬೂಷ್ಟು ಉದುರಿಸುವುದು, ಮರದ ಕೋಲಿನಿಂದ ಹುಳಿ ಬರುವ ತೊಟ್ಟಿ ಕದಡುವುದು ಎಲ್ಲವನ್ನೂ ನೋಡಿದಳು. ಅವಳು ತೊಕುಜೋ ಅವರ ಕೈ ನೋಡುತ್ತಿದ್ದಳು. ಅವರು ಅವಳ ಕೈ ನೋಡುತ್ತಿದ್ದರು, ಎಲ್ಲಿ ಏನು ಮುಟ್ಟಿಬಿಡುತ್ತಾಳೋ ಎಂದು.

ಒಂದು ಮಧ್ಯಾಹ್ನ ಅವರು ಉಗ್ರಾಣದಿಂದ ಆ ಜೇನು ಬಣ್ಣದ ಸಾಕೆ ತಂದು ನನ್ನಲ್ಲಿ ಸುರಿದು ಅವಳ ಮುಂದಿಟ್ಟರು. ತಾವು ಮೊದಲು ಕುಡಿಯಲಿಲ್ಲ. ಕುಡಿ ಎಂದೂ ಹೇಳಲಿಲ್ಲ.

"ನಾನೂ ಇದನ್ನು ಪೂರ್ತಿ ನಂಬಿಲ್ಲ," ಅಂದರು ಮಗಳ ಮೂಲಕ. "ಪ್ರತಿ ಚಳಿಗಾಲ ತೆಗೆದು ನೋಡುತ್ತೇನೆ. ನೀನೂ ನೋಡು."

ಅವಳು ಬಾಯಿಗೆ ಹಾಕಿ ಉಗುಳಿದಳು. ಅವರು ಬೇಸರಿಸದೆ ಮತ್ತೆ ಸುರಿದರು. ಅವಳು ನನ್ನನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ ಒಂದು ಗುಟುಕು ತೆಗೆದುಕೊಂಡಳು. ಗಂಟಲು ಅಲುಗಿತು. ನುಂಗಿದ್ದಳು.

ನನ್ನನ್ನು ಕೆಳಗಿಟ್ಟು ಕಿಟಕಿಯತ್ತ ತಿರುಗಿದಳು. ರೆಪ್ಪೆ ಬಡಿಯದೆ ಹೊರಗೆ ನೋಡುತ್ತ ಕೂತಳು. ತೊಕುಜೋ ಏನು ನೋಡುತ್ತಿದ್ದೀಯ ಎಂದು ಕೇಳಿದರು, ಚಿಜುಕೊ ತಿರುಗಿಸಿ ಹೇಳಿದಳು.

"ಹಿಮ," ಅಂದಳು ವಾರಿಜಾ.

"ಕಾಣುತ್ತಿದೆಯಾ?" ಅಂದರು ಮುದುಕರು.

"ಕಾಣ್ತಾ ಉಂಟು."

ಕತ್ತಲಾಗುವವರೆಗೂ ಅವಳು ಅಲ್ಲಿಂದ ಏಳಲಿಲ್ಲ. ಮುದುಕರೂ ಎದ್ದು ಹೋಗಲಿಲ್ಲ. ಹೊರಡುವ ದಿನ ಅವಳು ನನ್ನನ್ನು ಮೇಜಿನ ಮೇಲಿಟ್ಟು ತಲೆಬಾಗಿದಳು. ತೊಕುಜೋ ನನ್ನನ್ನು ಅವಳ ಕಡೆಗೇ ಸರಿಸಿದರು, ಜೊತೆಗೆ ಆ ಸಾಕೆಯ ಒಂದು ಸಣ್ಣ ಸೀಸೆ. "ನನ್ನ ಮಗಳು ಎಲ್ಲರನ್ನೂ ನಂಬುತ್ತಾಳೆ. ಇದು ಅವಳ ಹತ್ತಿರ ಇದ್ದು ಪ್ರಯೋಜನವಿಲ್ಲ," ಅಂದರು. ಚಿಜುಕೊ ಇದನ್ನೂ ನಗುತ್ತಲೇ ತಿರುಗಿಸಿ ಹೇಳಿದಳು.

ಮಂಗಳೂರಿನಲ್ಲಿ ನಿಂತಿದ್ದ ಕೂಟ ನಡೆಯಿತು. ವಾರಿಜಾ ಅವತ್ತೂ ಪ್ರತಿ ಸೀಸೆಯನ್ನು ಪರೀಕ್ಷಿಸಿದಳು, ಭಂಡಾರ್ಕರ್ ಈ ಸಲ ಅವಸರ ಮಾಡಲಿಲ್ಲ.

ಮನೆಯಲ್ಲಿ ಸಂಜೀವ ಕೋಟ್ಯಾನರು ಎಲ್ಲವನ್ನೂ ಕೇಳಿಸಿಕೊಂಡು, "ನುಂಗಿದಿಯಾ?" ಅಂದರು.

"ನುಂಗಿದೆ."

"ಸುಳ್ಳಲ್ವಲ್ಲ?"

"ಅಲ್ಲಪ್ಪ."

ಅವಳು ಅವರಿಗೂ ಒಂದಿಷ್ಟು ಸುರಿದಳು. ಅವರು ನನ್ನನ್ನು ಮೂಗಿನ ಹತ್ತಿರ ಹಿಡಿದು ತುಂಬಾ ಹೊತ್ತು ಮೂಸಿದರು. ತುಟಿಗೆ ತಂದರು. ಆಮೇಲೆ ಹಾಗೇ ಕೆಳಗಿಟ್ಟರು. "ನನ್ನಿಂದ ಆಗುದಿಲ್ಲ ಮಗಾ. ಬೇಜಾರು ಮಾಡ್ಬೇಡ." ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಸೀಸೆಯನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನ ಒಳಮೂಲೆಗೆ ಸರಿಸಿದಳು.

ಅದಾದ ಮೇಲೆ ನನ್ನ ಅಂಚು ಸಿಂಕಿಗೆ ಬಡಿದು ಚಕ್ಕೆ ಎದ್ದಿತು. ಪರೀಕ್ಷೆಯ ಕೆಲಸಕ್ಕೆ ನಾನು ಬಾರದಂತಾದೆ. ಅಡುಗೆಮನೆಯ ಕಟ್ಟೆಯ ಮೂಲೆ ಸಿಕ್ಕಿತು, ಪಕ್ಕದಲ್ಲಿ ಉಪ್ಪಿನ ಭರಣಿ. ಅಪ್ಪನ ಗಂಜಿ ತಿಳಿಗೆ ನನ್ನನ್ನೇ ತೆಗೆದುಕೊಳ್ಳುವ ರೂಢಿಯಾಯಿತು. ಅವರು ಹೆಬ್ಬೆರಳಿನಿಂದ ಚಕ್ಕೆ ಎದ್ದ ಜಾಗ ಹುಡುಕಿ, ಅದನ್ನು ಆಚೆ ತಿರುಗಿಸಿಕೊಂಡು ಕುಡಿಯುತ್ತಿದ್ದರು.

ಮಳೆಗಾಲ ಕಳೆದ ಒಂದು ಭಾನುವಾರ ಊಟದ ಮುಂಚೆ ಅವರೇ ಕೇಳಿದರು: "ಆ ಜಪಾನಿನದ್ದು ಇನ್ನೂ ಉಂಟಾ?"

ವಾರಿಜಾ ತಂದು ಸುರಿದಳು. ಅಭ್ಯಾಸದಂತೆ ತಾನು ಮೊದಲು ಬಾಯಿಗೆ ತರಲು ಹೋದಳು. ಅವರು ಅವಳ ಮಣಿಕಟ್ಟು ಹಿಡಿದರು.

"ನೀನು ಮೊದಲು ಕುಡಿಯುದು ಬೇಡ. ಬಾಬು ಹಾಗೇ ಮಾಡಿದ್ದು."

ಅವಳ ಕೈಯಿಂದ ನನ್ನನ್ನು ತೆಗೆದುಕೊಂಡು ಅವರು ಕುಡಿದರು. ಹೊರಗೆ ಯಾರದೋ ಸ್ಕೂಟರ್ ಹಾದು ಹೋಯಿತು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು.

"ಸುಟ್ಟ ಬೆಲ್ಲದ ಹಾಗೆ ಉಂಟು," ಅಂದರು. ನನ್ನನ್ನು ಕೆಳಗಿಟ್ಟು, "ನೀನು ನನ್ನನ್ನು ನೋಡ್ತಾ ಕೂತಿದ್ದಿ, ಅಲ್ವಾ? ಇನ್ನು ಹೋಗ್ಲಿಕ್ಕೆ ಕಣ್ಣೆಲ್ಲಿ ಉಂಟು ಮಾರಾಯ್ತಿ," ಅಂದರು.

ಅವಳು ನಗಲು ಹೋಗಿ ಅತ್ತಳು.

ಸಂಶಯ ಈ ಮನೆಯಿಂದ ಹೋಗಿಬಿಟ್ಟಿತೆಂದು ನಾನು ಹೇಳಲಾರೆ. ಇವತ್ತಿಗೂ ಹಾಲು ಬಂದರೆ ವಾರಿಜಾ ಮೂಸುತ್ತಾಳೆ, ಔಷಧಿಯ ಸೀಸೆಯನ್ನು ಬೆಳಕಿಗೆ ಹಿಡಿಯುತ್ತಾಳೆ. ಈ ಮೂಲೆಯಲ್ಲಿ ಕೂತು ನಾನು ಅದನ್ನೆಲ್ಲ ನೋಡುತ್ತೇನೆ. ಮೊದಲು ಅವಳು ಮೂಸಿ ನೋಡಿ ದೂರ ಸರಿಸುತ್ತಿದ್ದಳು. ಈಗ ಮೂಸಿ ನೋಡಿ, ಒಂದು ಕ್ಷಣ ತಡೆದು, ಅಪ್ಪನ ಎದುರು ಕೂತು ಕುಡಿಯುತ್ತಾಳೆ.