ಗಾದಿ ಪರದೆಯ ಮೆತ್ತನೆ ಮಗ್ಗುಲು

“ಯಾಕಲೇ ಬಂದ್ ಬಿತ್ತು ಮಷೀನು? ಯಾವ ಬೋಳಿಮಗ ನಿಲ್ಲಿಸಿದಾಂವ? ಏ ಕಿವುಡಾ, ನಿನಗ ಕೇಳಾಕತ್ತೇನಿ! ರೊಟ್ಟಿ ತಿಂತೀಯೋ, ಸಗಣಿ ತಿಂತೀಯೋ?”

ಗುತ್ತಿಗೆದಾರ ವೀರೇಂದ್ರ ಬಯ್ಯಲು ಶುರುಮಾಡಿದರೆ ನಾನು ಎಡಗಿವಿಯನ್ನು ಅವನ ಕಡೆ ತಿರುಗಿಸಿ ನಿಲ್ಲುತ್ತೇನೆ. ಆ ಕಿವಿ ಸತ್ತು ಹನ್ನೊಂದು ವರ್ಷವಾಯಿತು. ಮೂವತ್ತು ವರ್ಷ ಕಾಂಕ್ರೀಟು ಒಡೆದವನಿಗೆ ಒಂದಾದರೂ ಉಳಿದದ್ದೇ ದೊಡ್ಡದು. ಉಳಿದ ಬಲಗಿವಿಯನ್ನು ಚಹಾಕ್ಕೆ ಕರೆಯುವವರಿಗಾಗಿ ಜೋಪಾನವಾಗಿಟ್ಟಿದ್ದೇನೆ. ಬೈಗುಳಕ್ಕೆ ಎಡಗಿವಿಯೇ ಸಾಕು. ಎಷ್ಟು ಸುರಿದರೂ ತುಂಬುವುದಿಲ್ಲ.

ಮಷೀನು ನಿಲ್ಲಿಸಿದ್ದು ದಾವಲಸಾಬ. ಕಾಂಕ್ರೀಟು ಒಡೆಯುವ ಬ್ರೇಕರ್ ಹಿಡಿಯುವವನು ಅವನು. ನಾನು ಈಗ ಮುದುಕ. ಬ್ರೇಕರಿಗೆ ಗಾಳಿ ಒತ್ತುವ ಕಂಪ್ರೆಸರಿನ ಹತ್ತಿರ ಕೂತು ಪೈಪು ಕಾಯುತ್ತೇನೆ. ರಾಣೆಬೆನ್ನೂರಿನಲ್ಲಿ ಒಂದು ಹಳೆಯ ಬೀಜದ ಗೋದಾಮನ್ನು ಕೆಡವಿ ಅಂಗಡಿಸಾಲು ಕಟ್ಟುವ ಕೆಲಸ. ಗೋಡೆಗಳನ್ನು ಜೆಸಿಬಿ ಬೀಳಿಸಿ ಹೋಗಿತ್ತು. ಒಂದಡಿ ದಪ್ಪದ ನೆಲ ಮಾತ್ರ ನಮ್ಮ ಪಾಲಿಗೆ ಉಳಿದಿತ್ತು. ನೆಲದ ಬಡಗಣ ಬದಿಗೆ ಅಣ್ಣಾಜಿ ವಕೀಲರ ಮನೆ, ತೆಂಕಣ ಬದಿಗೆ ನಮ್ಮ ತಗಡಿನ ಶೆಡ್ಡುಗಳು, ಮೂಡಣಕ್ಕೆ ವೀರೇಂದ್ರನ ಎಸಿ ಹಾಕಿದ ಡಬ್ಬಿ ಆಫೀಸು, ಪಡುವಣಕ್ಕೆ ರಸ್ತೆ.

ಬ್ರೇಕರ್ ನಡೆಯುವಾಗ ಮನುಷ್ಯರ ಮಾತು ನಡೆಯುವುದಿಲ್ಲ. ಅದಕ್ಕೇ ನಮ್ಮದು ಕೈಮಾತು. ಹೆಬ್ಬೆರಳು ತುಟಿಗೆ ತಂದರೆ ಚಹಾ. ಹೊಟ್ಟೆಯ ಮುಂದೆ ಕೈಯಿಂದ ಡೊಳ್ಳು ಬರೆದು ತೋರಿಸಿದರೆ ವೀರೇಂದ್ರ ಬಂದ ಅಂತ. ಈ ಕೆಲಸದಲ್ಲಿ ಸೈದಾಬಿ ಹೊಸದೊಂದು ಸೇರಿಸಿದ್ದಳು. ಸೈದಾಬಿ ದಾವಲಸಾಬನ ತಾಯಿ, ಒಡೆದ ಚೂರು ಹೊರುವವಳು. ಎರಡೂ ಕೈ ಜೋಡಿಸಿ ತೊಟ್ಟಿಲಿನ ಹಾಗೆ ತೂಗಿ ತೋರಿಸಿದರೆ, ‘ಕೂಸು ಹಾಲು ಕುಡಿಯುತ್ತಿದೆ, ನಿಲ್ಲಿಸು’ ಎಂದರ್ಥ.

ಕೂಸು ದಾವಲಸಾಬನದೇ. ಹುಟ್ಟಿ ಇಪ್ಪತ್ತೈದು ದಿನ, ಹೆಣ್ಣು. ಅಪ್ಪ ಇಲ್ಲಿ ಬ್ರೇಕರ್ ಒತ್ತಿದರೆ ಅಲ್ಲಿ ಶೆಡ್ಡಿನ ತಗಡಿಗೆ ತೂಗುಹಾಕಿದ ತಾಟುಗಳೆಲ್ಲ ಕಟಕಟ ಅನ್ನುತ್ತಿದ್ದವು. ಕೂಸು ಬೆಚ್ಚಿಬಿದ್ದು ಮೊಲೆ ಬಿಡುತ್ತಿತ್ತು. ಮತ್ತೆ ಹಿಡಿಯುತ್ತಿರಲಿಲ್ಲ. ತೂಕ ನೋಡಲು ಬಂದ ನರ್ಸು ರೋಹಿಣಿಬಾಯಿ ತಕ್ಕಡಿ ಕಡೆ ನೋಡಿ ಮುಖ ಸಪ್ಪೆ ಮಾಡಿದಳು.

“ಇನ್ನೊಂದು ವಾರ ಹಿಂಗ ಇಳೀತಂದ್ರ ಕೂಸಿನ್ನ ದವಾಖಾನಿಗೆ ಸೇರಸಬೇಕಾಗತೈತಿ, ಜೈತೂನವ್ವಾ. ಹಾಲು ಐತಿ, ಕುಡ್ಯಾಕ ಸಮಾಧಾನ ಇಲ್ಲ.”

ಸೈದಾಬಿಯ ಸೊಸೆ ಜೈತೂನಬಿಗೆ ತವರಿಗೆ ಹೋಗೆನ್ನಲು ತವರಿನಲ್ಲಿ ತಾಯಿಯಿಲ್ಲ. ಹಾಗಾಗಿ ಎರಡು ತಾಸಿಗೊಮ್ಮೆ ಸೈದಾಬಿ ಕೈ ತೂಗುವುದು, ಮಗ ಮಷೀನು ನಿಲ್ಲಿಸುವುದು, ವೀರೇಂದ್ರ ನನ್ನ ಸತ್ತ ಕಿವಿಗೆ ಬಯ್ಯುವುದು. ಹೀಗೆ ನಡೆದಿತ್ತು.

ಆ ಹೊತ್ತಿಗೆ ಅಣ್ಣಾಜಿ ವಕೀಲರು ಸದ್ದಿನ ಬಗ್ಗೆ ಮೇಲಿನವರಿಗೆ ಕಾಗದ ಬರೆದರು. ವಕೀಲಿ ಬಿಟ್ಟು ಹತ್ತು ವರ್ಷವಾಗಿದ್ದರೂ ಅವರ ಕಾಗದಕ್ಕೆ ಹಲ್ಲಿತ್ತು. ನಾಲ್ಕೇ ದಿನದಲ್ಲಿ ಟೆಂಪೋದಲ್ಲಿ ಸದ್ದು ತಡೆಯುವ ಎಂಟು ಪರದೆಗಳು ಬಂದವು. ಕಾಲಿರುವ ಪೈಪಿನ ಚೌಕಟ್ಟು, ಒಂದೂವರೆ ಆಳು ಎತ್ತರ. ಒಂದು ಮಗ್ಗುಲು ನುಣ್ಣಗೆ ಮಿರಿಮಿರಿ ಮಿಂಚುವ ದಪ್ಪ ರೆಕ್ಸಿನ್ನು. ಇನ್ನೊಂದು ಮಗ್ಗುಲು ಜಾಳಿಗೆ ಬಟ್ಟೆ. ಅದರೊಳಗೆ ಉಣ್ಣೆಯಂಥ ಮೆತ್ತನೆ ತುಂಬು. ಒತ್ತಿ ನೋಡಿದ ಸೈದಾಬಿ, “ಅಯ್ಯ, ಗಾದಿ ಇದ್ದಂಗ ಐತೆಲ್ಲೋ ಸೋಮಣ್ಣಾ!” ಅಂದಳು. ಅಂದಿನಿಂದ ಅದರ ಹೆಸರು ಗಾದಿ ಪರದೆ.

ನಾನು ಹುಬ್ಬಳ್ಳಿಯಲ್ಲಿ ಒಂದು ದವಾಖಾನೆಯ ಮಗ್ಗುಲಲ್ಲಿ ಕೆಲಸ ಮಾಡುವಾಗ ಇಂಥದನ್ನು ಕಂಡಿದ್ದೆ. ಮೆತ್ತನೆ ಮಗ್ಗುಲು ಮಷೀನಿನ ಕಡೆಗಿರಬೇಕು. ಸದ್ದು ಬಂದು ಅದರೊಳಗೆ ಹೊಕ್ಕು ಅಲ್ಲೇ ದಣಿಯುತ್ತದೆ. ನುಣ್ಣನೆ ಮಗ್ಗುಲು ಮಷೀನಿನ ಕಡೆಗಿಟ್ಟರೆ, ಗೋಡೆಗೆ ಎಸೆದ ಚೆಂಡಿನ ಹಾಗೆ ಪುಟಿದು ಎಸೆದವರ ಕಡೆಗೇ ತಿರುಗುತ್ತದೆ.

ಆದರೆ ವೀರೇಂದ್ರ ಮರ್ಯಾದಸ್ಥ. ದೊಡ್ಡವರು ಮನೆಗೆ ಬಂದರೆ ಗಾದಿ ಹಾಸಿ ಕೂರಿಸಿದ ಮನೆತನ. ಎಂಟೂ ಪರದೆಗಳನ್ನು ವಕೀಲರ ಕಾಂಪೌಂಡಿನ ಉದ್ದಕ್ಕೆ ಸಾಲಾಗಿ ನಿಲ್ಲಿಸಿ, ಮೆತ್ತನೆ ಮಗ್ಗುಲನ್ನು ವಕೀಲರ ಕಡೆಗೆ ತಿರುಗಿಸಿದ. ಕೆಸರು ಹತ್ತಬಾರದೆಂದು ನೆಲದಿಂದ ಒಂದು ಮೊಳ ಮೇಲೆ ಕಟ್ಟಿಸಿದ.

“ಧಣೀ, ಇದು ತಿರುಗಾ ಮುರುಗಾ ಆಗೈತ್ರಿ,” ಅಂದೆ. “ಮೆತ್ತಂದು ಮಷೀನಿನ ಕಡೆ ಇರಬೇಕ್ರಿ. ಕೆಳಗ ಸಂದಿ ಬಿಡಬಾರದು. ನೀರು ಹೋದಂಗ ಸದ್ದೂ ಸಂದ್ಯಾಗ ಹೋಗತೈತಿ.”

“ಹೌದಪಾ ಇಂಜಿನಿಯರ್! ಸಾಹೇಬ್ರ ಕಡೆ ಗಟ್ಟಿ ಮಗ್ಗಲಾ ತಿರುಗಸಲೇನು? ನಿಮ್ಮಪ್ಪ ಕಲಿಸ್ಯಾನೇನು ಹಂಗ? ಕಿವಿ ಇಲ್ಲದಾಂವ ಸದ್ದಿನ ಬಗ್ಗೆ ನನಗ ಪಾಠಾ ಹೇಳಾಕ ಬಂದಾನ!”

ಜೊತೆಗಿದ್ದ ಮೇಲ್ವಿಚಾರಕರು ನಕ್ಕರು. ನಾನೂ ನಕ್ಕೆ. ಮಾತು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಅಷ್ಟಕ್ಕೇ ಬಿಡಲಿಲ್ಲ. “ಇನ್ನ ಪರದೆ ಬಂತು. ಒಡೀರಿ ಮುಂಜಾನಿಂದ ಸಂಜೀತನಕಾ. ಕೂಸು ಗೀಸು ಅಂತ ಮಷೀನು ಒಮ್ಮಿ ನಿಂತಿತಂದ್ರ ಶೆಡ್ ಖಾಲಿ ಮಾಡ್ರಿ, ತಿಳೀತಿಲ್ಲೋ?”

ಮರುದಿನ ಬ್ರೇಕರ್ ಒತ್ತಿದಾಗ ಗೊತ್ತಾಯಿತು. ಮೊದಲು ಕಟಕಟ ಅನ್ನುತ್ತಿದ್ದ ತಾಟು ಈಗ ಮೊಳೆ ಕಿತ್ತು ಕೆಳಗೆ ಬಿತ್ತು. ರೆಕ್ಸಿನ್ನಿಗೆ ಬಡಿದ ಸದ್ದೆಲ್ಲ ಪುಟಿದು ನಮ್ಮ ಶೆಡ್ಡಿಗೇ ಬರುತ್ತಿತ್ತು. ಸೈದಾಬಿ ಕೈ ತೂಗಿದಳು, ದಾವಲಸಾಬ ನೋಡಿದ, ಮಷೀನು ನಿಲ್ಲಿಸಲಿಲ್ಲ. ಬ್ರೇಕರಿನ ಮೇಲೆ ಬಾಗಿ ಅಳುತ್ತಿದ್ದ. ಧೂಳಿನಲ್ಲಿ ಅವನ ಕೆನ್ನೆಯ ಮೇಲೆ ಎರಡು ಗೆರೆ ಮೂಡಿದ್ದವು.

ವಕೀಲರಿಗೂ ಸುಖ ಸಿಗಲಿಲ್ಲ. ಮೊಳದ ಸಂದಿಯಿಂದ ಸದ್ದು ನುಸುಳುತ್ತಿತ್ತು. ಮತ್ತೊಂದು ಕಾಗದ ಹೋಯಿತು. ಆಗ ಸದ್ದು ಅಳೆಯುವ ಮೀಟರು ಹಿಡಿದು ಒಬ್ಬ ಸಾಹೇಬ ಬಂದ. ಯಾವ ಇಲಾಖೆಯೋ ಕೇಳಲಿಲ್ಲ, ಬೂಟು ಚೆನ್ನಾಗಿದ್ದವು. ವಕೀಲರ ಅಂಗಳದಲ್ಲಿ ಅಳೆದ, ರಸ್ತೆಯಲ್ಲಿ ಅಳೆದ, ಆಫೀಸಿನಲ್ಲಿ ಚಹಾ ಕುಡಿದ.

ಸೈದಾಬಿ ತಲೆಯ ಮೇಲಿನ ಬುಟ್ಟಿ ಇಳಿಸಿ ಅಡ್ಡ ನಿಂತಳು. “ಯಪ್ಪಾ, ನಮ್ಮ ಶೆಡ್ಡಿನ್ಯಾಗೂ ಒಮ್ಮಿ ಹಿಡೀರಿ ಅದನ್ನ. ಬಾಣಂತಿ ಅದಾಳ್ರಿ.”

ಸಾಹೇಬ ಕಾಗದ ತಿರುಗಿಸಿದ. “ಇದರಾಗ ಅಕ್ಕಪಕ್ಕದ ನಿವಾಸಿಗಳು ಅಂತ ಐತವ್ವಾ. ನೀವು ನಿವಾಸಿಗಳಲ್ಲ.”

“ಮತ್ತ ನಾವು ಏನ್ರಿ?”

“ನೀವು ಸೈಟು. ಸದ್ದು ಮಾಡವ್ರು. ಕೇಳವ್ರ ಪಟ್ಟಿಯೊಳಗ ಬರೂದಿಲ್ಲ.”

“ತಿಂಗಳೊಪ್ಪತ್ತಿನ ಕೂಸೂ ಸದ್ದು ಮಾಡತೈತೇನ್ರಿ?”

“ಮಾಡಾಕತ್ತೈತಲ್ಲಬೇ, ಕೇಳಿಲ್ಲಿ!” ಎಂದ ವೀರೇಂದ್ರ. ಶೆಡ್ಡಿನೊಳಗಿಂದ ಕೂಸು ಅಳುತ್ತಿತ್ತು. ಸಾಹೇಬ ನಗಲಿಲ್ಲ, ಪಾಪ. ಬೂಟಿನ ಕಡೆ ನೋಡಿಕೊಂಡ. ನಾಡಿದ್ದು ಮತ್ತೆ ಬಂದು ಅಳೆಯುತ್ತೇನೆ, ಸದ್ದು ಇಳಿಯದಿದ್ದರೆ ಕೆಲಸ ಬಂದ್ ಎಂದು ವೀರೇಂದ್ರನಿಗೆ ಹೇಳಿ ಹೋದ.

ಆ ಮಧ್ಯಾಹ್ನವೇ ತೀರ್ಮಾನವಾಯಿತು. ಎಲ್ಲಿ ಎಂದರೆ, ವೀರೇಂದ್ರನ ಕಣ್ಣ ಮುಂದೆಯೇ. ಅವನು ಆಫೀಸಿನ ಬಾಗಿಲಲ್ಲಿ ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ ನಿಂತಿದ್ದ. ಬ್ರೇಕರ್ ಬಡಿಯುತ್ತಿತ್ತು. ನಾನು ಕೈಯಿಂದ ಪರದೆ ತೋರಿಸಿದೆ, ಅಂಗೈ ತಿರುವಿದೆ, ಮೂರು ಬೆರಳು ಎತ್ತಿದೆ, ಮಷೀನಿನ ಸುತ್ತ ಗೆರೆ ಎಳೆದೆ. ನಮ್ಮ ಗುಂಪಿನ ಒಂಬತ್ತು ಜನ ತಲೆಯಾಡಿಸಿದರು. ಸೈದಾಬಿ ಹೊಟ್ಟೆಯ ಮುಂದೆ ಡೊಳ್ಳು ಬರೆದು, ‘ಅವನು?’ ಎಂದು ಹುಬ್ಬು ಕುಣಿಸಿದಳು. ನಾನು ಉಣ್ಣುವ ಹಾಗೆ ಮಾಡಿ ಬ್ಯಾಡಗಿ ದಿಕ್ಕಿಗೆ ಕೈ ತೋರಿಸಿದೆ. ಮರುದಿನ ಅಲ್ಲಿ ಅವನ ಬೀಗರ ಮನೆಯಲ್ಲಿ ಊಟವಿತ್ತು. ಹೋಳಿಗೆ ಅಂದಮೇಲೆ ಸಂಜೆಗೆ ಮುಂಚೆ ಅವನು ತಿರುಗುವವನಲ್ಲ. ಮೇಲ್ವಿಚಾರಕರೂ ಅವನ ಜೀಪಿನಲ್ಲೇ ಹೊರಟಿದ್ದರು. ನಮ್ಮ ಸಭೆ ನೋಡುತ್ತ ನಿಂತ ವೀರೇಂದ್ರ, “ಏನ್ ಕುಣಿತಾರಲೇ ಮಂಗ್ಯಾನ ಮಕ್ಕಳು,” ಅಂದಿರಬೇಕು. ತುಟಿ ಹಾಗೆ ಅಲ್ಲಾಡಿತು.

ಮರುದಿನ ಜೀಪು ಹೋದ ಮೇಲೆ ಎಂಟೂ ಪರದೆಗಳನ್ನು ಕಳಚಿದೆವು. ಒಬ್ಬನ ಬಾಯಿ ಜೋರಾದರೆ ಊರಿನವರ ಕಿವಿ ಎಲ್ಲ ಮುಚ್ಚುತ್ತ ಹೋಗುತ್ತೀರಾ? ಅವನ ಬಾಯಿಗೇ ಕೈ ಇಡಬೇಕು. ಪರದೆಯನ್ನು ಕಾಂಪೌಂಡಿನಿಂದ ತಂದು ಬ್ರೇಕರಿಗೂ ಕಂಪ್ರೆಸರಿಗೂ ಹತ್ತಿರವೇ, ಮೂರು ಬದಿ ನಿಲ್ಲಿಸಿದೆವು. ಮೆತ್ತನೆ ಮಗ್ಗುಲು ಒಳಗೆ. ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು. ಬುಡ ನೆಲಕ್ಕೆ ತಾಗಿಸಿ, ಉದ್ದಕ್ಕೂ ಮರಳಿನ ಚೀಲ.

“ಕಾಕಾ, ನಾಲ್ಕನೇ ಬದಿ?” ಎಂದ ದಾವಲಸಾಬ.

“ಒಂದು ಬದಿ ಬಿಡಾಕ ಬೇಕೋ. ಕಂಪ್ರೆಸರಿಗೆ ಗಾಳಿ ಬೇಕು, ನಿಮ್ಮವ್ವಗ ಬುಟ್ಟಿ ಹೊರಾಕ ದಾರಿ ಬೇಕು.”

“ಯಾವ ಕಡೆ ಬಿಡೂಣು?”

ಒಂಬತ್ತು ಮುಖಗಳೂ ಮೆಲ್ಲಗೆ ಮೂಡಣಕ್ಕೆ, ಡಬ್ಬಿ ಆಫೀಸಿನ ಕಡೆ ತಿರುಗಿದವು. ಸೈದಾಬಿ ಸೆರಗು ಬಾಯಿಗೆ ತುರುಕಿಕೊಂಡು ನಗತೊಡಗಿದಳು.

ಮಷೀನು ಶುರುಮಾಡಿ ನಾನು ಶೆಡ್ಡಿಗೆ ಓಡಿದೆ. ಸದ್ದು ಪೂರ್ತಿ ಹೋಗಿರಲಿಲ್ಲ, ಹೋಗುವುದೂ ಇಲ್ಲ. ಆದರೆ ಪಕ್ಕದ ಓಣಿಯಲ್ಲಿ ಯಾರೋ ಗಿರಣಿ ನಡೆಸಿದಷ್ಟಾಗಿತ್ತು. ತಾಟುಗಳು ಗೋಡೆಗೆ ಅಂಟಿದಂತೆ ಸುಮ್ಮನಿದ್ದವು. ಜೈತೂನಬಿ ನನ್ನ ಕಡೆ ಬೆನ್ನು ಮಾಡಿ ಕೂತಿದ್ದಳು. ಬಲಗಿವಿಗೆ ಕೈ ಹಿಡಿದು ಕೇಳಿದೆ. ಪಚ, ಪಚ. ಕೂಸು ಕುಡಿಯುತ್ತಿತ್ತು.

“ಮಾಮಾ, ಹೊರಗ ಹೋಗ್ರಿ,” ಅಂದಳು ಅವಳು, “ನಿಮ್ಮ ಉಸುರಿನ ಸದ್ದ ಜಾಸ್ತಿ ಆತು.”

ಮರುದಿನ ಬೆಳಿಗ್ಗೆ ವೀರೇಂದ್ರ ಬಂದ. ಬ್ರೇಕರ್ ಬಡಿಯುತ್ತಿತ್ತು. ಆಫೀಸಿನೊಳಗೆ ಹೋದ, ಕಿವಿಗೆ ಕೈ ಇಟ್ಟುಕೊಂಡು ಹೊರಗೆ ಬಂದ. ಪರದೆ ನೋಡಿದ, ನಮ್ಮನ್ನು ನೋಡಿದ, ಕೈಬೀಸಿ ಮಷೀನು ನಿಲ್ಲಿಸಿದ.

“ಯಾವ ಸೂಳೇಮಗ ಇದನ್ನ ಮುಟ್ಟಿದಾಂವ? ಕಳಚ್ರಿ! ಎಲ್ಲಾ ಶೆಡ್ಡೂ ಖಾಲಿ ಮಾಡ್ರಿ ಇವತ್ತ!”

ಅಷ್ಟರಲ್ಲಿ ಕಾಂಪೌಂಡಿನ ಮೇಲೆ ಅಣ್ಣಾಜಿ ವಕೀಲರ ತಲೆ ಕಾಣಿಸಿತು. ಪಕ್ಕದಲ್ಲಿ ಮೀಟರು ಸಾಹೇಬ.

“ಭೇಷ್ ವೀರೇಂದ್ರ, ಭೇಷ್! ನಿನ್ನೆ ಮಧ್ಯಾಹ್ನದಿಂದ ನಮ್ಮ ಗಡಿಯಾರದ ಟಿಕ್‌ಟಿಕ್ ಕೇಳ್ಸಲಿಕ್ಹತ್ತೇದ ನೋಡು. ಸಾಹೇಬ್ರೂ ಅಳದಾರ, ಭಾಳ ಇಳದದ ಅಂತ. ಇನ್ನ ಅದನ್ನ ಒಂದು ಇಂಚು ಅಲ್ಲಾಡಿಸ್ಬ್ಯಾಡ. ಅಲ್ಲಾಡಿಸಿದ್ರ ನಾ ಮತ್ತ ಕಾಗದಾ ಬರೀತೇನಿ. ಇದನ್ನ ಕಟ್ಟಿದವರನ್ನೂ ಕೈ ಬಿಡಬ್ಯಾಡ, ಕೆಲಸಾ ಬಲ್ಲವರು ಇದ್ದಾರ.”

ವೀರೇಂದ್ರ ಕೈ ಮುಗಿದ. “ಎಲ್ಲಾ ನಿಮ್ಮ ಆಶೀರ್ವಾದ್ರಿ ಸಾಹೇಬ್ರ,” ಅಂದ. ತಲೆಗಳು ಕಾಂಪೌಂಡಿನ ಹಿಂದೆ ಇಳಿದ ಮೇಲೆ ನನ್ನ ಹತ್ತಿರ ಬಂದು ಹಲ್ಲು ಕಡಿದ.

“ನನ್ನ ಆಫೀಸಿನ ಗತಿ ಏನಲೇ, ಮುದಿಯಾ?”

“ಆಫೀಸು ಪಟ್ಟಿಯೊಳಗ ಬರೂದಿಲ್ರಿ ಧಣೀ. ನೀವು ನಿವಾಸಿಗಳಲ್ಲ. ನೀವೂ ಸೈಟು.”

ಅವನ ಮುಖ ಒಣಮೆಣಸಿನಕಾಯಿ ಬಣ್ಣಕ್ಕೆ ತಿರುಗಿತು. ನನ್ನಪ್ಪನಿಂದ ಶುರುಮಾಡಿ ತಾಯಿಯ ತನಕ ಬಯ್ಯುತ್ತ ಬಂದ. ನಾನು ಎಡಗಿವಿ ತಿರುಗಿಸಿದೆ. ದಾವಲಸಾಬ ಬ್ರೇಕರಿನ ಮೇಲೆ ಕೈ ಇಟ್ಟು ತಾಯಿಯನ್ನೇ ನೋಡುತ್ತಿದ್ದ. ಸೈದಾಬಿ ಶೆಡ್ಡಿನೊಳಗೆ ಇಣುಕಿ ಬಂದು ಕೈ ಜೋಡಿಸಿ ತೂಗಿದಳು. ಆಮೇಲೆ ಕೆನ್ನೆಯನ್ನು ಅಂಗೈ ಮೇಲಿಟ್ಟು ಕಣ್ಣು ಮುಚ್ಚಿದಳು. ಕುಡಿದಾಯಿತು, ಮಲಗಿದ್ದಾಳೆ.

ದಾವಲಸಾಬ ಒತ್ತಿದ.

ವೀರೇಂದ್ರನ ಬಾಯಿ ಇನ್ನೂ ತೆರೆದು ಮುಚ್ಚುತ್ತಲೇ ಇತ್ತು. ನನ್ನ ಬಲಗಿವಿಗೂ ಒಂದು ಅಕ್ಷರ ಬೀಳಲಿಲ್ಲ. ಸೈದಾಬಿ ಬುಟ್ಟಿ ಹೊತ್ತು ಅವನ ಮುಂದೆಯೇ ಹಾದುಹೋಗುತ್ತ ಹೊಟ್ಟೆಯ ಮುಂದೆ ಡೊಳ್ಳು ಬರೆದಳು. ಒಂಬತ್ತು ಜನ ಹಲ್ಲು ಬಿಟ್ಟರು. ಕೊನೆಗೆ ಅವನು ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡ. ಗಾಜಿನ ಕಿಟಕಿಯಲ್ಲಿ ನೋಡಿದೆ. ಮೇಜಿನ ಮೇಲಿದ್ದ ತುಂಬಿದ ಚಹಾದ ಗ್ಲಾಸು ನಡುಗುತ್ತ ನಡುಗುತ್ತ ಅಂಚಿನ ಕಡೆ ಹೊರಟಿತ್ತು. ಅವನು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಅದನ್ನೇ ನೋಡುತ್ತ ಕೂತಿದ್ದ.