ಆನೆ ಕೋವಿ

ಬಲಗಣ್ಣಿನ ಮುಂದಿನ ಗಾಜು ಬದಲಿಸಿ, ಮೊದಲಿನದರಲ್ಲಿ ಚೆನ್ನಾಗಿ ಕಾಣುತ್ತದೋ ಇದರಲ್ಲೋ ಎಂದು ದೇಚಮ್ಮ ಎರಡನೆಯ ಸಲ ಹಿಂದಿಯಲ್ಲಿ ಕೇಳುತ್ತಿದ್ದಾಗ ಕೋಟಿನ ಜೇಬಿನಲ್ಲಿ ಫೋನು ಅದುರಿತು. ಕುರ್ಚಿಯಲ್ಲಿದ್ದವನು ಸಲ್ಮಾಬಾದಿನ ವರ್ಕ್‌ಶಾಪೊಂದರ ವೆಲ್ಡರ್. ಎರಡೂ ಒಂದೇ ಥರ ಇದೆ, ನೀವೇ ಒಂದನ್ನು ಆರಿಸಿಕೊಡಿ ಎಂದ. ನೋಡುವ ಕಣ್ಣು ನಿನ್ನದು, ನಾನು ಆರಿಸುವುದು ಹೇಗೆ ಎಂದು ಅವಳು ಇನ್ನೊಂದು ಗಾಜು ತೂರಿಸಿದಳು. ಫೋನು ಮತ್ತೆ ಅದುರಿತು, ಅದರ ಬೆನ್ನಿಗೇ ಇನ್ನೊಮ್ಮೆ. ಅವಳ ಗಂಡ ಉತ್ತಯ್ಯ ಒಂದು ವಿಷಯಕ್ಕೆ ಮೂರು ಮೆಸೇಜು ಹಾಕುವವನು. ಮೊದಲು ಫೋಟೊ, ಆಮೇಲೆ 'ನೋಡಿದೆಯಾ', ಕಡೆಗೆ ಒಂದು ಹೆಬ್ಬೆರಳು.

ವೆಲ್ಡರನ ಕನ್ನಡಕದ ನಂಬರು ಬರೆದು, ಫ್ರೇಮು ಆರಿಸಲು ಅವನನ್ನು ಕೌಂಟರು ನೋಡಿಕೊಳ್ಳುವ ನೆಲ್ಲಿಯ ಹತ್ತಿರ ಕಳಿಸಿ, ಅವಳು ಫೋಟೊ ತೆರೆದಳು. ಹೂವಿನ ಹೊದಿಕೆ ಹಾಸಿದ ಮಂಚದ ಮೇಲೆ, ಎಣ್ಣೆ ಹಚ್ಚಿ ಮಲಗಿಸಿದ ಕೂಸಿನ ಹಾಗೆ, ಒಂದು ರೈಫಲ್ ಮಲಗಿತ್ತು. ಕೂಸು ಮಂಚದ ಆ ಕೊನೆಯಿಂದ ಈ ಕೊನೆಯವರೆಗೂ ಇತ್ತು. ತ್ರೀ ಸೆವೆಂಟಿಫೈವ್ ಮ್ಯಾಗ್ನಮ್. ಆನೆ ಮತ್ತು ಕಾಡುಕೋಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಿಳಿಯರು ಮಾಡಿದ್ದು. ನೆತ್ತಿಯ ಮೇಲೆ ಉದ್ದನೆಯ ದುರ್ಬೀನು. ಈಗ ಆನೆಗೆ ಹೊಡೆದರೆ ಜೈಲು, ಕಾಡುಕೋಣಕ್ಕೆ ಹೊಡೆದರೂ ಜೈಲು. ಉಳಿದದ್ದು ತೆಂಗಿನಕಾಯಿ.

ತೆಂಗಿನಕಾಯಿಯಿಂದಲೇ ಶುರುವಾದದ್ದು. ಕೊಡಗಿನಲ್ಲಿ ಸೆಪ್ಟೆಂಬರಿನ ಮೊದಲಲ್ಲಿ ಬರುವ ಕೈಲ್ ಮುಹೂರ್ತದ ಹಬ್ಬದ ದಿನ ಕೋವಿಗಳಿಗೆ ಪೂಜೆಯಾದ ಮೇಲೆ ಎತ್ತರದ ಮರಕ್ಕೆ ಕಾಯಿ ಕಟ್ಟಿ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ಬಹರೈನಿನಲ್ಲಿ ಕೋವಿ ಇಟ್ಟುಕೊಳ್ಳುವ ಹಾಗಿಲ್ಲವಾದ್ದರಿಂದ ಉತ್ತಯ್ಯ ಪ್ರತಿ ವರ್ಷ ತನ್ನ ಕೋವಿಯ ಬಣ್ಣದ ಫೋಟೊ ಗೋಡೆಗೆ ಒರಗಿಸಿ, ಅದಕ್ಕೆ ಗಂಧ ಹಚ್ಚಿ, ಅಸ್ಕರ್ ಹತ್ತಿರದ ಫ್ಯಾಕ್ಟರಿಗೆ ಸೆಕೆಂಡ್ ಶಿಫ್ಟಿಗೆ ಹೋಗುತ್ತಿದ್ದ. ಕಳೆದ ವರ್ಷ ಹಠ ಹಿಡಿದು ರಜೆ ಹಾಕಿ ಊರಿಗೇ ಹೋದ. ಇಡೀ ಕುಟುಂಬದ ಎದುರು ಮೂರು ಗುಂಡೂ ಗಾಳಿಗೆ ಹೋದವು. ತಮ್ಮ ಕುಶಲ ಮೊದಲ ಗುಂಡಿಗೇ ಕಾಯಿ ಒಡೆದ. ಒಡೆದದ್ದು ಸಾಲದೆಂದು ಊಟದ ಹೊತ್ತಿಗೆ ಕಾಯಿಯ ಒಂದು ಚೂರು ತಂದು ಅಣ್ಣನ ಎಲೆಗೆ ಹಾಕಿದ.

ಅಪ್ಪನ ಕಾಲದ ಕೋವಿ, ನಳಿಗೆ ಸವೆದಿದೆ ಎಂದು ಉತ್ತಯ್ಯ ಅಂದಿನಿಂದ ಹೇಳುತ್ತ ಬಂದಿದ್ದ. ಏನು ಸವೆದಿದೆ ಎಂಬುದು ದೇಚಮ್ಮನಿಗೆ ಗೊತ್ತಿತ್ತು. ಹೋಟೆಲಿನ ಮೆನುವನ್ನು ಅವನು ಪಕ್ಕದ ಟೇಬಲಿನವರ ಸಾರಿನಲ್ಲಿ ಅದ್ದುವಷ್ಟು ದೂರ ಹಿಡಿಯುತ್ತಿದ್ದ. ಬಟ್ಟೆ ಅಂಗಡಿಯ ಗೊಂಬೆಗೆ 'ಎಕ್ಸ್‌ಕ್ಯೂಸ್ ಮಿ' ಎಂದು ಹೇಳಿ ದಾರಿ ಕೇಳಿದ್ದ. ಮನಾಮಾದ ಅರ್ಧ ಊರಿನ ಕಣ್ಣು ನೋಡುವ ಹೆಂಡತಿಯ ಕುರ್ಚಿಯಲ್ಲಿ ಅವನು ಒಂದು ದಿನವೂ ಕೂತವನಲ್ಲ. ಅವಳ ಎದುರು ಅಕ್ಷರ ತಪ್ಪು ಓದುವುದಕ್ಕಿಂತ ಕುರುಡನಾಗುವುದು ಅವನಿಗೆ ಮರ್ಯಾದೆಯ ವಿಷಯ. ದೊಡ್ಡ ಗುಂಡಿನ ಕೋವಿಯಾದರೆ ಗುರಿ ಸ್ವಲ್ಪ ಆಚೀಚೆ ಆದರೂ ಗಾಳಿಯ ರಭಸಕ್ಕೇ ಕಾಯಿ ಒಡೆಯುತ್ತದೆ ಎಂಬ ಸಿದ್ಧಾಂತವನ್ನು ಅವನು ಯೂಟ್ಯೂಬಿನಿಂದಲೋ ತನ್ನ ತಲೆಯಿಂದಲೋ ತೆಗೆದಿದ್ದ.

ತೊಡಕು ಒಂದೇ. ಕೊಡವರಿಗೆ ಕೋವಿ ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಸಾಕು. ಆದರೆ ಆ ಪತ್ರದಲ್ಲಿ ಒಬ್ಬರ ಹೆಸರಿಗೆ ಒಂದೇ ರೈಫಲ್. ಉತ್ತಯ್ಯನ ಹೆಸರಿನಲ್ಲಿ ಅಪ್ಪನ ರೈಫಲ್ ಆಗಲೇ ಕೂತಿದೆ. ಬೈಯುತ್ತಾನೆಯೇ ಹೊರತು ಅದನ್ನು ಮಾರುವ ಮನಸ್ಸಿಲ್ಲ. ಹಾಗಾಗಿ ಹೊಸದು ದೇಚಮ್ಮನ ಹೆಸರಿಗೆ. ಹೆಂಡತಿಯೂ ಕೊಡವತಿ, ಅವಳಿಗೂ ಅದೇ ಹಕ್ಕು ಉಂಟು ಎಂಬುದು ಮದುವೆಯಾಗಿ ಇಪ್ಪತ್ತೇಳು ವರ್ಷಗಳ ಮೇಲೆ ಅವನಿಗೆ ಹೊಳೆದಿತ್ತು. ಶುಕ್ರವಾರದ ಒಳಗೆ ಹೂಂ ಅನ್ನದಿದ್ದರೆ ಸಿದ್ದಾಪುರದ ಯಾರೋ ಕೊಂಡುಬಿಡುತ್ತಾರೆ ಎಂದು, ಊರಿನಲ್ಲಿ ಈ ಕೋವಿ ಮಾರಾಟಕ್ಕಿರುವುದನ್ನು ಪತ್ತೆ ಹಚ್ಚಿದ ಕುಶಲ ಹೆದರಿಸಿದ್ದ.

"ಎಂಥ ಮಾರಾಯ್ತಿ ಇದು, ಫಿರಂಗಿಯಾ?" ಎಂದಳು ನೆಲ್ಲಿ, ಭುಜದ ಮೇಲಿಂದ ಬಗ್ಗಿ. ನೆಲ್ಲಿ ಕಿನ್ನಿಗೋಳಿಯವಳು. ಅವಳ ಎದುರು ಫೋನು ಮುಚ್ಚಿಡುವುದು ವ್ಯರ್ಥ.

ನನ್ನ ಹೆಸರಿಗೆ ಬರ್ತಾ ಉಂಟು ಎಂದು ದೇಚಮ್ಮ ಎಲ್ಲವನ್ನೂ ಹೇಳಿದಳು. ಈ ಅಂಗಡಿಯ ಬಾಗಿಲಲ್ಲಿ ನಿಂತು ಹೊಡೆದರೆ ಗುಂಡು ಎಲ್ಲಿ ಬೀಳ್ತದೆ ಎಂದು ನೆಲ್ಲಿ ವಿಚಾರಿಸಿದಳು. ಬಹುಶಃ ಸಮುದ್ರದಲ್ಲಿ ಎಂದಾಗ, ಹಾಗಾದರೆ ಈ ದೇಶಕ್ಕೆ ಇದರ ಸೈಜ್ ಸರಿಯಾಗುವುದಿಲ್ಲ ಎಂದು ತೀರ್ಪು ಕೊಟ್ಟಳು. ಆಮೇಲೆ ತನ್ನ ಗಂಡನ ವಿಷಯ ತೆಗೆದಳು.

"ನೀನು ಸಹಿ ಹಾಕ್ಬೇಡ. ನಮ್ಮ ಲ್ಯಾನ್ಸಿ ನನ್ನ ಹೆಸರಲ್ಲಿ ಕಾರು ತಗೊಂಡ. ಈಗ ಫೈನ್ ಎಲ್ಲ ನನಗೆ, ಸ್ಟೇರಿಂಗ್ ಅವನಿಗೆ. ನಾಳೆ ಇದರಲ್ಲಿ ನಿನ್ನ ಗಂಡ ಯಾರದ್ದಾದರೂ ದನಕ್ಕೆ ಹೊಡೆದರೆ ಪೊಲೀಸರು ಯಾರನ್ನು ಹುಡುಕಿಕೊಂಡು ಬರ್ತಾರೆ?"

ದೇಚಮ್ಮನಿಗೂ ಬೇಡ ಎಂದೇ ಇತ್ತು. ಹೇಗೆ ಹೇಳುವುದು ಎಂಬುದಷ್ಟೇ ಉಳಿದಿತ್ತು.

ಸಂಜೆ ಮನೆಗೆ ಬಂದರೆ ಉತ್ತಯ್ಯ ಸ್ನಾನ ಮುಗಿಸಿ, ಅಡುಗೆಮನೆಯಲ್ಲಿ ತಾನೇ ಹಂದಿಕರಿ ಒಲೆಗಿಟ್ಟಿದ್ದ. ಸೂಪರ್‌ಮಾರ್ಕೆಟ್ಟಿನ ಹಿಂಬದಿಯಲ್ಲಿ ಮುಸ್ಲಿಮೇತರರಿಗೆ ಎಂದು ಬೋರ್ಡು ಹಾಕಿದ ಕೋಣೆಯಿಂದ ಮಾಂಸ ತಂದಿದ್ದ, ಹುಳಿಗೆಂದು ಊರಿನ ಕಾಚಂಪುಳಿಯ ಶೀಶೆಯನ್ನು ಧಾರಾಳವಾಗಿ ಬಗ್ಗಿಸಿದ್ದ. ಅವನು ಕೇಳದೆ ಅಡುಗೆ ಮಾಡಿದ ದಿನಗಳನ್ನು ಅವಳು ನೆನಪಿಟ್ಟುಕೊಂಡಿದ್ದಳು. ಪ್ರತಿ ಸಲವೂ ಅದರ ಹಿಂದೆ ಏನಾದರೊಂದು ವಸ್ತು ಮನೆಗೆ ಬಂದಿತ್ತು.

ಅವನು ವಿವರಿಸಿದ. ಅರ್ಜಿಗೆ ಸಹಿ ಹಾಕಿ ಕಳಿಸಿದರೆ ಮಿಕ್ಕ ಓಡಾಟ ಕುಶಲನದ್ದು. ಡಿಸೆಂಬರಿನಲ್ಲಿ ರಜೆಗೆ ಹೋದಾಗ ಅವಳು ವಿನಾಯಿತಿ ಪತ್ರ ಕೊಡುವ ಆಫೀಸಿನಲ್ಲಿ ಒಮ್ಮೆ ಮುಖ ತೋರಿಸಬೇಕು. ಕೋವಿ ಕುಶಲನ ಬೀರುವಿನಲ್ಲಿರುತ್ತದೆ. ಬೀಗದ ಕೈ ಒಂದು ಕುಶಲನ ಹತ್ತಿರ, ಒಂದು ತನ್ನ ಹತ್ತಿರ.

"ನಾನು ಹೊಡೆಯಬಹುದಾ?" ಎಂದು ಅವಳು ಕೇಳಿದಳು.

ಅವನು ನಕ್ಕ. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಮಗು ಲಾರಿ ಓಡಿಸುತ್ತೇನೆ ಎಂದರೆ ನಗುವ ಹಾಗೆ ನಕ್ಕ. "ನಿನ್ನ ಭುಜ ಕಳಚಿ ಬೀಳ್ತದೆ ದೇಚು. ಅದು ಆನೆ ಕೋವಿ. ನಿನ್ನದು ಬರೀ ಸಹಿ."

ಆ ಮಾತಿಗೆ ಅವಳಿಗೆ ಸಿಟ್ಟು ಬಂದದ್ದು ತಟ್ಟೆ ತೊಳೆಯುವಾಗ. ತವರಿನಲ್ಲಿದ್ದಾಗ ಅವಳು ಅಪ್ಪನ ಚಿಕ್ಕ ರೈಫಲಿನಲ್ಲಿ ಹೊಡೆಯುತ್ತಿದ್ದಳು, ಅಣ್ಣಂದಿರಿಗಿಂತ ಚೆನ್ನಾಗಿಯೇ. ಮದುವೆಯ ಮಾತುಕತೆ ಶುರುವಾದ ವರ್ಷ ಅದು ತಾನಾಗಿಯೇ ನಿಂತಿತು. ಯಾರೂ ಬೇಡ ಎನ್ನಲಿಲ್ಲ, ಯಾರೂ ಕೋವಿಯನ್ನು ಕೈಗೆ ಕೊಡಲೂ ಇಲ್ಲ. ಗಂಡನ ಮನೆಯ ಸ್ಪರ್ಧೆಯಲ್ಲಿ ಹೆಂಗಸರ ವಿಭಾಗವೂ ಇದೆ. ಅದನ್ನು ಮೈಕಿನಲ್ಲಿ ಕೂಗುವ ಹೊತ್ತಿಗೆ ಸರಿಯಾಗಿ ಕಡಂಬುಟ್ಟಿನ ಅಕ್ಕಿ ಉಂಡೆ ಹಬೆಯಲ್ಲಿರುತ್ತದೆ. ಅದನ್ನು ಇಳಿಸುವವರೆಗೆ ಸೊಸೆಯಂದಿರು ಒಲೆ ಬಿಟ್ಟು ಏಳುವ ಹಾಗಿಲ್ಲ. ಇಳಿಸಿ ಹೊರಗೆ ಬಂದರೆ ಕಾಯಿ ಒಡೆದು ಬಹುಮಾನವೂ ಕೊಟ್ಟಾಗಿರುತ್ತದೆ.

ಸಹಿ ಹಾಕುವ ಮೊದಲು ಮಾರುವವರ ಹತ್ತಿರ ಒಂದು ಮಾತು ಆಡಬೇಕು ಎಂದಳು. ಉತ್ತಯ್ಯ ಅನುಮಾನದಿಂದಲೇ ನಂಬರು ಕೊಟ್ಟ. ಮಾರುವವರು ಅಮ್ಮತ್ತಿಯ ಹತ್ತಿರದ ಚೋಂದಮ್ಮ ಎಂಬ ವಿಧವೆ, ಸತ್ತ ಗಂಡನ ಕೋವಿ, ಹೆಂಗಸು ಹೆಂಗಸು ಮಾತಾಡಿಕೊಂಡರೆ ಬೆಲೆ ಇಳಿದರೂ ಇಳಿಯಬಹುದು ಎಂದು ಸಮಾಧಾನ ಮಾಡಿಕೊಂಡ.

ಮರುದಿನ ಮಧ್ಯಾಹ್ನ ಅಂಗಡಿಗೆ ಅರ್ಧ ಬಾಗಿಲು ಎಳೆದಾಗ, ಹೊರಗಿನ ಬಿಸಿಲಿಗೆ ರಸ್ತೆಯಲ್ಲಿ ಬೆಕ್ಕೂ ಇರಲಿಲ್ಲ. ನೆಲ್ಲಿ ಕೌಂಟರಿನ ಮೇಲೆ ತಲೆಯಿಟ್ಟು ಮಲಗಿದ್ದಳು. ದೇಚಮ್ಮ ಕಣ್ಣು ಪರೀಕ್ಷೆಯ ಕತ್ತಲು ಕೋಣೆಯಲ್ಲಿ ರೋಗಿಯ ಕುರ್ಚಿಯಲ್ಲೇ ಕೂತು ಫೋನು ಮಾಡಿದಳು.

ಚೋಂದಮ್ಮ ಮೊದಲು ಯಾವ ಮನೆಯವಳು, ತವರು ಯಾವುದು, ಅಜ್ಜಿ ಯಾರ ಮಗಳು ಎಂದೆಲ್ಲ ಕೇಳಿ, ದೇಚಮ್ಮನ ದೊಡ್ಡಮ್ಮನ ಮದುವೆಯಲ್ಲಿ ತಾನು ಸಾರಿನ ಪಾತ್ರೆಗೆ ಎಡವಿ ಬಿದ್ದದ್ದನ್ನು ನೆನಪು ಮಾಡಿಕೊಂಡರು. ಹಾಗೆ ಸಂಬಂಧ ಖಾಯಂ ಆದ ಮೇಲೆ ವಿಷಯಕ್ಕೆ ಬಂದರು.

"ನಿನ್ನ ಗಂಡ ಏನು ಹೇಳಿದ? ಬರೀ ಸಹಿ ಅಂತ ಹೇಳಿದನಾ?"

"ಹೌದು ಆಂಟಿ."

"ನನ್ನವರೂ ಅದನ್ನೇ ಹೇಳಿದ್ದರು."

ಆ ರೈಫಲ್ ಚೋಂದಮ್ಮನವರ ಹೆಸರಿನಲ್ಲಿತ್ತು. ಅವರಿಗೇ ಅದು ಗೊತ್ತಿರಲಿಲ್ಲ. ಯಾವುದೋ ಕಾಲದಲ್ಲಿ ಕಾಫಿ ಮಾರಾಟದ ಕಾಗದಗಳ ನಡುವೆ ಅವರಿಂದ ಒಂದು ಸಹಿ ಹಾಕಿಸಿಕೊಂಡಿದ್ದರು ಗಂಡ. ಅಂದಿನಿಂದ ಸಾಯುವವರೆಗೂ ಭಾನುವಾರ ಭಾನುವಾರ ಅದಕ್ಕೆ ಎಣ್ಣೆ ಹಚ್ಚಿದ್ದೂ, ಬಂದ ನೆಂಟರಿಗೆ ತೋರಿಸಿದ್ದೂ ಗಂಡನೇ. ದೂಳು ಒರೆಸಲು ಹೋದರೂ ಮುಟ್ಟಬೇಡ ಎಂದು ಗದರುತ್ತಿದ್ದರು. ಅವರು ತೀರಿಕೊಂಡ ಮೇಲೆ ಚೋಂದಮ್ಮ ಅದನ್ನು ಒಪ್ಪಿಸಿಬಿಡೋಣವೆಂದು ಜೀಪಿನಲ್ಲಿ ಹಾಕಿಕೊಂಡು ಠಾಣೆಗೆ ಹೋದರು. ಪೊಲೀಸಿನವನು ಪತ್ರ ನೋಡಿ, ಇದು ನಿಮ್ಮ ಯಜಮಾನರದ್ದಲ್ಲ, ನಿಮ್ಮದೇ ಎಂದ.

"ನನಗೆ ನಗು ಬಂತು ಮಗಳೇ. ಅವರು ಹೋಗಿ ಇನ್ನೂ ತಿಂಗಳಾಗಿರಲಿಲ್ಲ. ಠಾಣೆಯಲ್ಲಿ ಕೂತು ನಕ್ಕೆ. ಪಾಪ, ದುಃಖಕ್ಕೆ ಹೀಗಾಗಿದೆ ಅಂತ ಆ ಹುಡುಗ ನೀರು ತಂದುಕೊಟ್ಟ."

ನೀವು ಅದರಲ್ಲಿ ಹೊಡೆದಿದ್ದೀರಾ ಎಂದು ದೇಚಮ್ಮ ಕೇಳಿದಳು.

"ಒಂದೇ ಸಲ. ಮನೆಗೆ ವಾಪಸು ತಂದ ಸಂಜೆಯೇ, ಮನೆ ಹಿಂದಿನ ಗುಡ್ಡದ ಬರೆಯ ಮಣ್ಣಿಗೆ. ಕುಂಡಿ ಊರಿ ಕೂತುಬಿಟ್ಟೆ. ಭುಜವೆಲ್ಲ ನೇರಳೆ ಹಣ್ಣಿನ ಬಣ್ಣ. ಪಕ್ಕದ ಮನೆ ನಾಯಿ ಈಗಲೂ ನನ್ನ ಗೇಟಿನ ಹತ್ತಿರ ಸುಳಿಯುವುದಿಲ್ಲ."

"ತುಂಬ ನೋವಾಯಿತಾ?"

"ಆಯಿತು. ಖುಷಿ ಅದಕ್ಕಿಂತ ಜಾಸ್ತಿ ಆಯಿತು. ವಿಧವೆ ಅಂಥದ್ದನ್ನು ಯಾರಿಗೆ ಹೇಳುವುದು? ಇನ್ನೊಂದು ಸಲ ಹೊಡೆಯುವ ಆಸೆ ಉಂಟು, ಬಿದ್ದರೆ ಏಳುವ ಸೊಂಟ ಇಲ್ಲ. ಅದಕ್ಕೇ ಮಾರುವುದು." ಫೋನಿನಲ್ಲಿ ಎಲೆ ಅಡಿಕೆ ಜಗಿಯುವ ಸದ್ದು ಬಂತು. "ಯಾರ ಹೆಸರಿಗೆ ಅಂತ ಕೇಳಿದ್ದಕ್ಕೆ ಅತ್ತಿಗೆ ಹೆಸರಿಗೆ ಅಂದ ನಿನ್ನ ಮೈದುನ. ಹಾಗಾದರೆ ಅವಳೇ ಬಂದು ತೆಗೆದುಕೊಂಡು ಹೋಗಲಿ, ಅಲ್ಲಿವರೆಗೆ ನನ್ನ ಹತ್ತಿರವೇ ಇರಲಿ ಅಂದೆ. ನಿನಗೆ ಹೇಳಿದನಾ?"

"ಇಲ್ಲ."

"ಹೇಳುವುದಿಲ್ಲ ಅಂತ ಗೊತ್ತಿತ್ತು."

ಬೆಲೆಯ ಮಾತು ಇಬ್ಬರೂ ಎತ್ತಲಿಲ್ಲ.

ಫೋನಿಟ್ಟ ಮೇಲೆ ದೇಚಮ್ಮ ಆ ಕತ್ತಲಲ್ಲಿ ಹಾಗೇ ಕೂತಳು. ಇಷ್ಟು ವರ್ಷ ಅವಳಿಗಾಗಿ ಎಂದು ಮನೆಗೆ ಬಂದದ್ದೆಲ್ಲ ಉಪಯೋಗದ ವಸ್ತುಗಳು. ಮಿಕ್ಸಿ, ಬಟ್ಟೆ ಒಗೆಯುವ ಮಷೀನು, ಹೋದ ವರ್ಷ ಹಬೆಯಿಂದ ನೆಲ ಒರೆಸುವ ಒಂದು ಕೋಲು. ನಿನಗೋಸ್ಕರ ತಂದೆ ಎಂದು ಉತ್ತಯ್ಯ ಹೇಳುವಾಗ ಅದರಲ್ಲಿ ಸುಳ್ಳೂ ಇರುತ್ತಿರಲಿಲ್ಲ, ಅವಳ ಕೆಲಸ ಹಗುರವಾಗುತ್ತಿದ್ದದ್ದು ನಿಜವೇ. ಆದರೆ ಏನೂ ಕೆಲಸಕ್ಕೆ ಬಾರದ, ಯಾರ ಹೊಟ್ಟೆಯನ್ನೂ ತುಂಬಿಸದ, ಸುಮ್ಮನೆ ಬೇಕು ಎನ್ನಿಸಿದ್ದಕ್ಕೆ ಕೊಂಡ ವಸ್ತು ಎಂಬುದು ಇದುವರೆಗೂ ಗಂಡಸರ ಪಾಲಿಗೇ ಬಂದಿತ್ತು. ಕುಶಲನಿಗೆ ಹಳೆಯ ಜೀಪು, ಲ್ಯಾನ್ಸಿಗೆ ಗಾಳದ ಕಡ್ಡಿಗಳು, ಉತ್ತಯ್ಯನಿಗೆ ಎರಡು ಸಲವೂ ಉಪಯೋಗಿಸದ ಟೆಲಿಸ್ಕೋಪು. ಅವರನ್ನು ಯಾರೂ ಏಕೆ ಎಂದು ಕೇಳಿರಲಿಲ್ಲ.

ಬೇಡ ಎನ್ನಲು ಅವಳ ಹತ್ತಿರ ಬೆಳಿಗ್ಗೆಯವರೆಗೂ ಕಾರಣಗಳಿದ್ದವು. ಬೆಲೆ ಹೆಚ್ಚು, ಊರಿನಲ್ಲಿ ಇರುವುದು ವರ್ಷಕ್ಕೆ ಒಂದು ತಿಂಗಳು, ವಯಸ್ಸು ಐವತ್ತೆರಡು, ತೆಂಗಿನಕಾಯಿಗೆ ಆನೆ ಕೋವಿ ಎಂದರೆ ಕೋಳಿಗೂ ನಗು. ಈಗ ಒಂದೊಂದನ್ನೇ ತೆಗೆದು ನೋಡಿದಳು. ಎಲ್ಲವೂ ಸರಿಯಾಗಿಯೇ ಇದ್ದವು. ಕೋವಿ ಬೇಕು ಎನ್ನಿಸುವುದು ಮಾತ್ರ ಅದರಿಂದ ಕಡಿಮೆಯಾಗಲಿಲ್ಲ. ತನಗೆ ನಾಚಿಕೆಯಾಗಬೇಕಿತ್ತೇನೋ ಎಂದು ಕಾದಳು. ಅದೂ ಆಗಲಿಲ್ಲ.

ನೆಲ್ಲಿ ಎದ್ದು ಬಂದು ಏನಾಯಿತು, ಬೇಡ ಅಂದೆಯಾ ಎಂದು ಕೇಳಿದಳು. ಹಾಳಾಗಲಿ, ಸಹಿ ಹಾಕಿಬಿಡ್ತೇನೆ ಎಂದಳು ದೇಚಮ್ಮ. ನೆಲ್ಲಿ ಹಣೆ ಚಚ್ಚಿಕೊಂಡು, ನಿನ್ನ ಹಾಗಿರುವವರಿಂದಲೇ ಗಂಡಸರು ಹಾಳಾಗುವುದು ಎಂದು ಬೈದು ಚಹಾಕ್ಕೆ ನೀರಿಟ್ಟಳು.

ರಾತ್ರಿ ಊಟಕ್ಕೆ ಮೊದಲೇ ಅವಳು ಅರ್ಜಿಗೆ ಸಹಿ ಹಾಕಿದಳು. ಉತ್ತಯ್ಯ ಅದರ ಫೋಟೊ ತೆಗೆದು ಕುಶಲನಿಗೆ ಕಳಿಸಿದ. ಮರುಕ್ಷಣವೇ ಕುಶಲ ವಿಡಿಯೊ ಕಾಲ್ ಮಾಡಿ, ಬೀರುವಿನಲ್ಲಿ ತನ್ನ ಕೋವಿಯ ಪಕ್ಕ ಖಾಲಿ ಮಾಡಿಟ್ಟ ಜಾಗ ತೋರಿಸಿದ. ಅತ್ತಿಗೆ ದೊಡ್ಡ ಮನಸ್ಸು ಮಾಡಿದರು ಎಂದ. ಬರುವ ಕೈಲ್ ಮುಹೂರ್ತಕ್ಕೆ ನೀನೊಬ್ಬನೇ ಹೊಡೆದುಕೋ, ಅದರ ಮುಂದಿನದ್ದಕ್ಕೆ ನಾನಿದ್ದೇನೆ ಎಂದು ಉತ್ತಯ್ಯ ತಮ್ಮನಿಗೆ ಸವಾಲು ಹಾಕಿದ. ಚೋಂದಮ್ಮ ಹೇಳಿದ ಷರತ್ತಿನ ಮಾತನ್ನು ಕುಶಲ ಆಗಲೂ ಎತ್ತಲಿಲ್ಲ. ದೇಚಮ್ಮ ಕೇಳಲೂ ಇಲ್ಲ.

"ಮುದುಕಿ ಏನಂದಳು? ಬೆಲೆ ಇಳಿಸಿದಳಾ?" ಎಂದ ಉತ್ತಯ್ಯ ಊಟಕ್ಕೆ ಕೂತು.

"ನೆಂಟರು ಆಗಬೇಕು. ಬೆಲೆ ಕೇಳುವುದು ಹೇಗೆ?" ಎಂದಳು.

ಅವನು ಆ ಬೇಜಾರನ್ನೂ ನುಂಗಿಕೊಂಡ, ಅಷ್ಟು ಖುಷಿಯಲ್ಲಿದ್ದ. ತಿನ್ನುತ್ತಲೇ ಎಡಗೈಯಲ್ಲಿ ಫೋನು ದೂರ ಹಿಡಿದು ರೈಫಲಿನ ಫೋಟೊ ದೊಡ್ಡದು ಮಾಡಿ ನೋಡಿದ. ಅವನ ಮೇಲೆ ಅವಳಿಗೆ ಪ್ರೀತಿಯೇ ಉಕ್ಕಿತು. ಆ ಪ್ರೀತಿಗೂ ಅವಳು ಮನಸ್ಸಿನಲ್ಲೇ ಹಾಕಿಕೊಂಡಿದ್ದ ಲೆಕ್ಕಕ್ಕೂ ಸಂಬಂಧವಿರಲಿಲ್ಲ.

ಡಿಸೆಂಬರಿಗೆ ಕಾಯದೆ ಸೆಪ್ಟೆಂಬರಿನಲ್ಲೇ ಹೋಗುವುದು, ಒಬ್ಬಳೇ. ಊರಿಗೆ ಹೋಗಲು ತವರಿನ ನೆಪಗಳಿಗೇನೂ ಬರವಿಲ್ಲ. ಕಣ್ಣೂರಿನಲ್ಲಿ ಇಳಿದು, ಆಫೀಸಿನ ಕೆಲಸ ಮುಗಿಸಿ, ಗಂಡನ ಮನೆಗೂ ಕುಶಲನ ಬೀರುವಿಗೂ ತಿರುಗದೆ ನೇರ ಚೋಂದಮ್ಮನವರ ಅಂಗಳಕ್ಕೆ. ಮೊದಲ ಗುಂಡು ಆ ಬರೆಯ ಮಣ್ಣಿಗೆ. ಬಿದ್ದರೆ ಎತ್ತಿ ಕೂರಿಸಲು ಚೋಂದಮ್ಮನವರಿಗೆ ಆಗದು, ಆದರೆ ನಗುತ್ತಾರೆ. ಆಮೇಲೆ ಬೀಗವೂ ಅವಳದ್ದು, ಕೈಯೂ ಅವಳದ್ದು. ಉತ್ತಯ್ಯನಿಗೆ ಹೊಡೆಯಬೇಕು ಎನ್ನಿಸಿದರೆ ಕೇಳಲಿ. ಕೇಳಿದ ದಿನ ಅವಳ ಮನಸ್ಸು ಹೇಗಿರುತ್ತದೋ ಹಾಗೆ.

"ನಿನಗೆ ಇದೆಲ್ಲ ತಲೆಗೆ ಹತ್ತುವುದಿಲ್ಲ ಅಂತ ಗೊತ್ತು," ಎಂದ ಅವನು ಕೈ ತೊಳೆಯುತ್ತ. "ಆದರೂ ಒಪ್ಪಿದೆಯಲ್ಲ, ಅದೇ ದೊಡ್ಡದು."

ಅವಳು ಹೂಂ ಎಂದಳು. ಅಂಗಡಿಯಲ್ಲಿ ಒಮ್ಮೆಗೆ ಒಬ್ಬರಿಗೇ ರಜೆ, ಸೆಪ್ಟೆಂಬರಿನದ್ದನ್ನು ನೆಲ್ಲಿ ಕೇಳುವ ಮೊದಲೇ ನಾಳೆ ಬೆಳಿಗ್ಗೆ ತಾನು ಕೇಳಿಬಿಡಬೇಕು ಎಂದುಕೊಂಡು, ನಿನ್ನೆಯಿಂದ ಉಳಿದು ಈಗ ಖಾಲಿಯಾದ ಹಂದಿಕರಿಯ ಪಾತ್ರೆಗೆ ಬಿಸಿನೀರು ಬಿಟ್ಟಳು.