ನಡುಗೋಡೆಯ ಕಾವು

ಸಾಲ ಮಾಡಿ ತುಪ್ಪ ತಿನ್ನುವವರನ್ನು ಲೋಕ ಬೇಕಾದಷ್ಟು ನೋಡಿದೆ. ಸಾಲ ತೀರಿಸುವ ಹುರುಪಿನಲ್ಲಿ ತುಪ್ಪ, ಬೆಣ್ಣೆ, ಬಿಸಿನೀರು ಎಲ್ಲವನ್ನೂ ಬಿಟ್ಟವನನ್ನು ನೋಡಬೇಕಾದರೆ ಆಕ್ರಿಂಗ್ಟನ್ ಊರಿನ ಕೀತ್ ಥ್ರೆಲ್ಫಾಲ್‌ನನ್ನು ನೋಡಬೇಕು. ಟೈಲ್ಸ್ ಅಂಗಡಿಯಲ್ಲಿ ಮ್ಯಾನೇಜರ್ ಆಗಿದ್ದ. ಹೆಂಡತಿ ಗೇನರ್ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಮಕ್ಕಳಿರಲಿಲ್ಲ. ಮನೆಸಾಲ ಇನ್ನೂ ಹನ್ನೆರಡು ವರ್ಷ ಇರುವಾಗ ಅದನ್ನು ಅರ್ಧ ಕಾಲದಲ್ಲೇ ತೀರಿಸಿ ಕೈತೊಳೆದುಕೊಳ್ಳುತ್ತೇನೆಂದು ಕೀತ್ ಪಣ ತೊಟ್ಟ. ತಿಂಗಳ ಕಂತಿನ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಬ್ಯಾಂಕಿಗೆ ಸುರಿಯತೊಡಗಿದ. ಅದಕ್ಕೂ ಬ್ಯಾಂಕಿನವರದು ಒಂದು ತಕರಾರು: ವರ್ಷಕ್ಕೆ ಸಾಲದ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಕಟ್ಟಿದರೆ ದಂಡ. ಸಾಲ ಕಟ್ಟದಿದ್ದರೂ ದಂಡ, ಬೇಗ ಕಟ್ಟಿದರೂ ದಂಡ. ಇಂಥ ವ್ಯವಹಾರವನ್ನು ದೊಡ್ಡ ಮನುಷ್ಯರು ಮಾತ್ರ ಮಾಡಬಲ್ಲರು.

ಇಂಟರ್‌ನೆಟ್ಟಿನಲ್ಲಿ ಇವನಂಥವರದೇ ಒಂದು ಬಳಗವಿತ್ತು. ಒಬ್ಬಳು ಟೀ ಚೀಲವನ್ನು ಮೂರು ಸಲ ಅದ್ದುತ್ತೇನೆಂದು ಬರೆದರೆ ನೂರು ಜನ ಭೇಷ್ ಎನ್ನುತ್ತಿದ್ದರು. ಇನ್ನೊಬ್ಬ ಮಗಳ ಮದುವೆಗೆ ಹೋಗದೆ ರೈಲುಚಾರ್ಜು ಉಳಿಸಿ ಸಾಲಕ್ಕೆ ಕಟ್ಟಿದೆನೆಂದು ಬರೆದಾಗ, ಬಳಗ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಅವನಿಗೂ ಭೇಷ್ ಎಂದಿತ್ತು. ಆ ಬಳಗದ ಸಲಹೆಯಂತೆ ಕೀತ್ ಒಂದು ಮನೆಯ ಚಿತ್ರ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಐನೂರು ಪೌಂಡ್ ಹೆಚ್ಚಿಗೆ ಕಟ್ಟಿದಾಗಲೆಲ್ಲ ಒಂದು ಇಟ್ಟಿಗೆಗೆ ಕೆಂಪು ಬಣ್ಣ ತುಂಬುತ್ತಿದ್ದ. ಬಣ್ಣ ತುಂಬುವ ಭಾನುವಾರ ಅವನ ಮುಖದಲ್ಲಿ ಮೂಡುತ್ತಿದ್ದ ಕಳೆ ಮದುವೆಯ ಫೋಟೋದಲ್ಲೂ ಇಲ್ಲವೆಂದು ಗೇನರ್ ಹೇಳುತ್ತಿದ್ದಳು.

ಅವನ ದೊಡ್ಡ ಉಳಿತಾಯವೆಂದರೆ ಮನೆ ಬೆಚ್ಚಗಿಡುವ ಹೀಟರಿನ ಗ್ಯಾಸಿನದು. ನವೆಂಬರಿಗೆ ಮೊದಲು ಹೀಟರ್ ಹಾಕುವವನು ಗಂಡಸೇ ಅಲ್ಲ ಎಂಬ ನಂಬಿಕೆ ಆ ಊರಲ್ಲಿ ಮೊದಲಿನಿಂದಲೂ ಇತ್ತು. ಕೀತ್ ಅದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದು ನವೆಂಬರಿನಲ್ಲೂ ಹಾಕಲಿಲ್ಲ, ಜನವರಿಯಲ್ಲೂ ಹಾಕಲಿಲ್ಲ. ಹಾಗೆಂದು ಅವನೇನೂ ಹಿಮದಲ್ಲಿ ತಪಸ್ಸಿಗೆ ಕೂತಿರಲಿಲ್ಲ. ಅವನದು ಜೋಡಿಮನೆ. ಒಂದೇ ಕಟ್ಟಡ, ನಡುವೆ ಒಂದು ಗೋಡೆ, ಗೋಡೆಯಾಚೆ ನೆವಿಲ್ ಮತ್ತು ಷೀನಾ. ನೆವಿಲ್ ಮನೆಸಾಲವಿದ್ದರೂ ಅದರ ಚಿಂತೆಯಿಲ್ಲದ ಆಸಾಮಿ. ಹೀಟರನ್ನು ಧಗಧಗ ಉರಿಸಿ, ಸೆಖೆಯಾಯಿತೆಂದು ಕಿಟಕಿ ತೆರೆದು, ಫೆಬ್ರವರಿಯಲ್ಲೂ ಚಡ್ಡಿಯಲ್ಲಿ ಓಡಾಡುತ್ತಿದ್ದ. ಅವನ ಮನೆಯ ಕಾವು ಗೋಡೆ ದಾಟಿ ಬರುತ್ತಿತ್ತು. ಕೀತ್ ಆ ಗೋಡೆಗೆ ಸೋಫಾ ಒತ್ತರಿಸಿದ, ಮಂಚ ಒತ್ತರಿಸಿದ, ಒಗೆದ ಬಟ್ಟೆಯನ್ನೂ ಅಲ್ಲೇ ಹರವಿದ. ಪಕ್ಕದವನ ದುಂದುಗಾರಿಕೆಯನ್ನು ಬೈಯುತ್ತ, ಬೆನ್ನನ್ನು ಅದೇ ದುಂದಿಗೆ ಕಾಯಿಸಿಕೊಳ್ಳುತ್ತ ಎರಡು ಚಳಿಗಾಲ ಕಳೆದ.

ಗೇನರಳಿಗೆ ಚಳಿಗೆ ಬೆರಳುಗಳು ಸುಣ್ಣದಂತೆ ಬೆಳ್ಳಗಾಗಿ ಮರಗಟ್ಟುವ ತೊಂದರೆಯಿತ್ತು. ಗೋಡೆ ಬೆಚ್ಚಗಿದ್ದಷ್ಟು ದಿನ ಹೇಗೋ ನಡೆಯಿತು. ಗೋಡೆಗೆ ಅಂಗೈ ಒತ್ತಿ ನಿಂತು, ಬೆರಳು ಮಡಚುವಂತಾದ ಮೇಲೆ ಕೋಟಿನ ಗುಂಡಿ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಅವಳೂ ಸಂಬಳದ ಅರ್ಧವನ್ನು ಆ ಇಟ್ಟಿಗೆಗಳಿಗೇ ಕೊಡುತ್ತಿದ್ದಳು, ಗೊಣಗಿದವಳಲ್ಲ. ಆದರೆ ಮೂರನೆಯ ಚಳಿಗಾಲದ ಬಾಗಿಲಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಟ್ಟಳು.

“ನೋಡು ಕೀತ್, ಸಾಲ ಬೇಗ ತೀರ್ಲಿ, ನಂಗೂ ಖುಷಿನೇ. ಆದ್ರೆ ಈ ಸಲ ಗೋಡೆ ತಣ್ಣಗಾದ್ರೆ ನೀನು ಹೀಟರ್ ಹಾಕ್ಬೇಕು. ಹಾಕಲ್ಲ ಅಂದ್ರೆ ನಾನು ಈ ಮನೇಲಿ ಇರಲ್ಲ. ತಮಾಷೆಗೆ ಹೇಳ್ತಿಲ್ಲ ನಾನು.”

ಗೋಡೆ ಯಾಕೆ ತಣ್ಣಗಾಗುತ್ತದೆ, ನೆವಿಲ್ ಬದುಕಿರುವ ತನಕ ಆಗುವುದಿಲ್ಲ ಎಂದು ಕೀತ್ ನಕ್ಕ. ನಗುವಾಗ ಅವನಿಗೆ ತನ್ನ ಬಾಯಿಯ ಮೇಲೆ ಗುಮಾನಿ ಬರಬೇಕಿತ್ತು.

ಯಾವ ವ್ರತಕ್ಕೂ ನಡುಗಾಲವೇ ಕಷ್ಟ. ಶುರುವಿನಲ್ಲಿ ಹುರುಪಿರುತ್ತದೆ, ಕೊನೆಯಲ್ಲಿ ದಡ ಕಾಣುತ್ತದೆ, ನಡುವೆ ಬರೀ ನೀರು. ಮೂರನೆಯ ವರ್ಷಕ್ಕೆ ಬಂದ ಕೀತ್‌ಗೂ ಬೇಸರ ಹಿಡಿಯಿತು. ಅರ್ಧ ಕೆಂಪಾದ ಚಿತ್ರ ಅರ್ಧ ಸುಟ್ಟ ಮನೆಯಂತೆ ಕಂಡು ಫ್ರಿಜ್ಜಿನ ಕಡೆ ನೋಡುವುದನ್ನೇ ಬಿಟ್ಟ. ಬಳಗದವರನ್ನು ಕೇಳಿದಾಗ, ಹತ್ತಿರದಲ್ಲಿ ಯಾರಾದರೊಬ್ಬರಿಗೆ ಹೇಳಿಕೊಂಡರೆ ಛಲ ಮರಳುತ್ತದೆ ಎಂದರು. ಆ ಊರಿನಲ್ಲಿ ಜನ ತಮ್ಮ ಆಪರೇಷನ್ನಿನ ವಿಷಯ ಹೇಳಿಯಾರು, ದುಡ್ಡಿನ ವಿಷಯ ಹೇಳಲಾರರು. ಹತ್ತೊಂಬತ್ತು ವರ್ಷ ಅಕ್ಕಪಕ್ಕದಲ್ಲಿದ್ದೂ ಕೀತ್ ಮತ್ತು ನೆವಿಲ್ ಆಡಿದ ಮಾತೆಲ್ಲ ಮಳೆ ಮತ್ತು ಕಸದ ಡಬ್ಬದ ಸುತ್ತಲಿನದೇ. ಅಂಥದ್ದರಲ್ಲಿ ಸೆಪ್ಟೆಂಬರಿನ ಒಂದು ಸಂಜೆ ಕೀತ್ ಬೇಲಿಯ ಬಳಿ ನಿಂತು ತನ್ನ ಸಾಲದ ಕಥೆಯನ್ನು ಎಳೆಎಳೆಯಾಗಿ ಬಿಡಿಸಿಟ್ಟ. ಎಷ್ಟು ಬಡ್ಡಿ ಉಳಿಯಿತು, ಎಷ್ಟು ಇಟ್ಟಿಗೆ ಕೆಂಪಾಯಿತು, ದಾರಿ ತಪ್ಪಿಸುವ ಗೆಳೆಯರಿಂದ ಹೇಗೆ ಹುಷಾರಾಗಿರಬೇಕು, ಎಲ್ಲ. ನೆವಿಲ್‌ಗೆ ಮೊದಲು ನಾಚಿಕೆಯಾಯಿತು, ಆಮೇಲೆ ಮರ್ಯಾದೆಗಾಗಿ ಕೇಳಿಸಿಕೊಂಡ, ಆಮೇಲೆ ಕಣ್ಣರಳಿಸಿ ಕೇಳಿಸಿಕೊಂಡ. ಕೀತ್ ಒಳಗೆ ಬಂದು ಉತ್ಸಾಹದಿಂದ ಬಾಕಿಯಿದ್ದ ಎರಡು ಇಟ್ಟಿಗೆ ತುಂಬಿದ.

ಅಕ್ಟೋಬರ್ ಕೊನೆಯ ಹೊತ್ತಿಗೆ ಗೋಡೆ ತಣ್ಣಗಾಯಿತು.

ಕೀತ್ ಮೊದಲು ಪಕ್ಕದ ಹೀಟರ್ ಕೆಟ್ಟಿದೆಯೆಂದುಕೊಂಡ. ವಿಚಾರಿಸಲು ಹೋದರೆ ನೆವಿಲ್ ಎರಡು ಸ್ವೆಟರ್, ಒಂದು ಉಣ್ಣೆಯ ಟೋಪಿ, ಪ್ಯಾಂಟಿನ ಮೇಲೊಂದು ಪ್ಯಾಂಟು ಹಾಕಿಕೊಂಡು ಬಾಗಿಲು ತೆರೆದ. ಅವನ ಅಡುಗೆಮನೆಯಲ್ಲೂ ಮನೆಯ ಚಿತ್ರ, ಇವನದಕ್ಕಿಂತ ಎರಡು ಪಟ್ಟು ದೊಡ್ಡದು, ಚಿಮಣಿ ಬೇರೆ. ರಜಾಪ್ರವಾಸದ ಕಾರವಾನ್ ಗಾಡಿ ಮಾರಿದ್ದನಂತೆ. ಹಿತ್ತಲಲ್ಲಿದ್ದ ಬಿಸಿನೀರಿನ ತೊಟ್ಟಿಯನ್ನೂ ಮಾರಿದ್ದನಂತೆ. ಎಲ್ಲ ನಿನ್ನ ಕೃಪೆ ಎಂದು ಕೈ ಹಿಡಿದುಕೊಂಡ. ಗುರುವಿಗೇ ತಿರುಮಂತ್ರ ಹಾಕುವ ಶಿಷ್ಯ ಸಿಕ್ಕಿದ್ದ.

ಇನ್ನೇನು ಮಾಡುವುದು? ಕೀತ್ ಅಂದಿನಿಂದ ಉಲ್ಟಾ ಪುರಾಣ ಶುರುಮಾಡಿದ. ಬದುಕುವುದು ಒಂದೇ ಸಲ, ಸತ್ತಾಗ ಹೊತ್ತುಕೊಂಡು ಹೋಗುವುದು ಏನಿದೆ, ಷೀನಾಳನ್ನು ಬಿಸಿಲಿನ ದೇಶಕ್ಕೆ ಕರೆದುಕೊಂಡು ಹೋಗು, ಅದಾಗದಿದ್ದರೆ ಮನೆಯನ್ನಾದರೂ ಬೆಚ್ಚಗಿಡು ಎಂದು ಬೇಲಿಯಾಚೆಗೆ ದಿನವೂ ಉಪದೇಶ ಮಾಡಿದ. ನೆವಿಲ್ ಎಲ್ಲವನ್ನೂ ಕೇಳಿ ಮುಗುಳ್ನಕ್ಕು ತಲೆದೂಗಿದ.

“ಗೊತ್ತಾಯ್ತು ಮಾರಾಯ. ಪರೀಕ್ಷೆ ಮಾಡ್ತಿದೀಯ ತಾನೆ? ದಾರಿ ತಪ್ಸೋ ಗೆಳೆಯರಿಂದ ಹುಷಾರಾಗಿರು ಅಂತ ನೀನೇ ಅಲ್ವ ಹೇಳಿದ್ದು? ನಾನು ಜಾರಲ್ಲ ಬಿಡು.”

ನವೆಂಬರಿನಲ್ಲಿ ಕಿಟಕಿಯ ಒಳಬದಿಯಲ್ಲೇ ಹಿಮದ ಪೊರೆ ಕಟ್ಟತೊಡಗಿತು. ಗೇನರ್ ಹೇಳಿದ ಮಾತನ್ನು ಕೀತ್ ಮರೆತಿರಲಿಲ್ಲ. ಹೆಂಡತಿಯ ಮೇಲೆ ಪ್ರೀತಿ ಇಲ್ಲದವನೂ ಅಲ್ಲ. ಬೆಳಗ್ಗೆ ಅವಳ ಕೋಟಿನ ಗುಂಡಿಯನ್ನು ತಾನೇ ಹಾಕಿಕೊಡುತ್ತಿದ್ದ, ಅವಳ ಬೆರಳನ್ನು ತನ್ನ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದ. ಕಂಕುಳಿಗೆ ಗ್ಯಾಸಿನ ಖರ್ಚಿಲ್ಲ. ಆದರೆ ಮೂರು ವರ್ಷ ಮುಟ್ಟದ ಹೀಟರಿನ ಗುಂಡಿಯನ್ನು ಈಗ ಒತ್ತಿದರೆ ಬಳಗದೆದುರು ಮುಖ ತೋರಿಸುವುದು ಹೇಗೆ? ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಗೇನರಳಿಗೆ ಗೊತ್ತಾಗದಂತೆ ನಲವತ್ತು ಪೌಂಡ್ ತೆಗೆದುಕೊಂಡು ಹೋಗಿ, ಷೀನಾ ಪಾಪ ನಡುಗುತ್ತಾಳೆ, ಇದನ್ನು ನಿಮ್ಮ ಗ್ಯಾಸಿಗೆ ಹಾಕಿಕೊಳ್ಳಿ, ನೆರೆಹೊರೆಯೆಂದರೆ ಇಷ್ಟಾದರೂ ಬೇಡವೆ ಎಂದು ನೆವಿಲ್ ಕೈಗಿಟ್ಟ. ತನ್ನ ಹೀಟರ್ ಹಾಕಿದಂತೆಯೂ ಆಗುವುದಿಲ್ಲ, ಗೋಡೆಯೂ ಬೆಚ್ಚಗಾಗುತ್ತದೆ. ನೆವಿಲ್ ಕಣ್ಣಲ್ಲಿ ನೀರು ತಂದುಕೊಂಡ. ಕೀತ್ ಮರುವಾರವೂ ಕೊಟ್ಟ, ಅದರ ಮರುವಾರವೂ ಕೊಟ್ಟ. ಗೋಡೆ ಮಾತ್ರ ಮೀನಿನಂಗಡಿಯ ಕಲ್ಲಿನಂತೆ ತಣ್ಣಗೇ ಇತ್ತು. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ. ನೆವಿಲ್ ಆ ಹಣವನ್ನೆಲ್ಲ ನೇರವಾಗಿ ತನ್ನ ಸಾಲಕ್ಕೆ ಕಟ್ಟಿ ಚಿಮಣಿಗೆ ಬಣ್ಣ ತುಂಬುತ್ತಿದ್ದ.

ವಿಷಯ ಹೊರಬಿದ್ದದ್ದು ಷೀನಾಳಿಂದ. ನಿನ್ನ ಗಂಡನಂಥ ಧರ್ಮಾತ್ಮ ಎಲ್ಲೂ ಇಲ್ಲ ಎಂದು ಬಸ್ ನಿಲ್ದಾಣದಲ್ಲಿ ಗೇನರಳನ್ನು ಹಿಡಿದು ಹೊಗಳಿದಳು. ಅಂದು ಸಂಜೆ ಗೇನರ್ ಕೋಟನ್ನೂ ತೆಗೆಯದೆ ಅಡುಗೆಮನೆಯಲ್ಲಿ ಕೂತು ಗಂಡನಿಗಾಗಿ ಕಾದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಕೀತ್‌ಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಪಕ್ಕದ್ಮನೆ ಗ್ಯಾಸಿಗೆ ದುಡ್ಡು ಕೊಟ್ಯಾ?” ಎಂದಳು.

“ನಿನಗೋಸ್ಕರಾನೇ ಕಣೆ ಕೊಟ್ಟಿದ್ದು.”

“ನನಗೋಸ್ಕರ ಅಂದ್ರೆ ಅಲ್ಲಿ ಗೋಡೇಲಿ ಗುಂಡಿ ಇತ್ತಲ್ಲೋ. ಒತ್ತಿದ್ರೆ ಆಗ್ತಿತ್ತು.”

ಕೀತ್ ಬೇಸಿಗೆ ಬರಲಿ ಎಂದ. ಇನ್ನು ಮೂರೇ ವರ್ಷ, ಆಮೇಲೆ ಮನೆ ಪೂರ್ತಿ ನಮ್ಮದು, ಆಗ ಹಗಲೂ ರಾತ್ರಿ ಉರಿಸೋಣ ಎಂದ. ಗೇನರ್ ಫ್ರಿಜ್ಜಿನ ಮೇಲಿನ ಚಿತ್ರವನ್ನು ತುಸು ಹೊತ್ತು ನೋಡಿ, ಆ ಮನೆಯಲ್ಲಿ ಮನುಷ್ಯರನ್ನು ಬರೆಯುವುದನ್ನೇ ಮರೆತಿದ್ದೀಯಲ್ಲ ಎಂದು ಹೇಳಿ ಎದ್ದುಹೋದಳು.

ಮೂರನೆಯ ದಿನ ಅವನು ಅಂಗಡಿಯಿಂದ ಬರುವಷ್ಟರಲ್ಲಿ ಅವಳ ಎರಡು ಪೆಟ್ಟಿಗೆ ಮತ್ತು ಕೆಟಲ್ ಇರಲಿಲ್ಲ. ಫೋನ್ ಮಾಡಿದರೆ, ಹೀಟರಿನ ಖರ್ಚೂ ಸೇರಿದಂತೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ, ಚೆನ್ನಾಗಿದ್ದೇನೆ, ಇನ್ನು ಇಟ್ಟಿಗೆಗೆ ನನ್ನ ಸಂಬಳ ಬರುವುದಿಲ್ಲ ಎಂದಳು. ಕೀತ್‌ನ ಎದೆ ಧಸಕ್ಕೆಂದಿತು. ಹೆಂಡತಿ ಹೋದದ್ದಕ್ಕೋ, ಬಾಡಿಗೆ ಕಟ್ಟುತ್ತಿರುವುದಕ್ಕೋ ಅವನಿಗೇ ಬಗೆಹರಿಯಲಿಲ್ಲ. ಬಾಡಿಗೆಯೆಂದರೆ ಅವನ ಬಳಗದಲ್ಲಿ ಬಾಯಲ್ಲಿ ಹೇಳಬಾರದ ಪಾಪ. ಎಲ್ಲಿ ಎಂದು ಕೇಳುವುದನ್ನೇ ಮರೆತ.

ಟೋಸ್ಟಿನ ಮೇಲೆ ಬೀನ್ಸ್ ಸುರಿದುಕೊಂಡು ಸೋಫಾದಲ್ಲಿ ಕೂತಾಗ ಬೆನ್ನಿಗೆ ಏನೋ ಹಿತವೆನಿಸಿತು. ತಿರುಗಿ ಅಂಗೈ ಇಟ್ಟು ನೋಡಿದ. ಗೋಡೆ ಬೆಚ್ಚಗಿತ್ತು. ಅಂತೂ ನೆವಿಲ್ ಜಾರಿದ ಎಂದು ಅವನಿಗೆ ಹಿಗ್ಗೋ ಹಿಗ್ಗು. ಈಗಲೇ ಗೇನರಳಿಗೆ ಹೇಳಿ ಕರೆಸಿಕೊಳ್ಳಬೇಕೆಂದು ಫೋನಿಗೆ ಕೈ ಹಾಕಿದ. ಅಷ್ಟರಲ್ಲಿ ಗೋಡೆಯಾಚೆಯಿಂದ ಒಂದು ಸೀನು ಕೇಳಿಸಿತು. ಒಂದರ ಹಿಂದೆ ಒಂದರಂತೆ ಮೂರು ಸೀನು, ಕೊನೆಯದಕ್ಕೊಂದು ಕೀರಲು ದನಿ. ಇಪ್ಪತ್ತೈದು ವರ್ಷ ಒಂದೇ ಮಂಚದಲ್ಲಿ ಕೇಳಿದ ಸೀನು ಅದು.

ನೆವಿಲ್ ಜಾರಿರಲಿಲ್ಲ. ಸಾಲ ಇನ್ನೂ ಬೇಗ ತೀರಲೆಂದು ಖಾಲಿಯಿದ್ದ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದ. ಬಾಡಿಗೆದಾರಳಿಗೆ ಹೀಟರ್ ಬೇಕೇಬೇಕೆಂಬುದು ಕರಾರು. ಗೇನರಳ ಸಂಬಳ ಈಗ ಪಕ್ಕದ ಮನೆಯ ಇಟ್ಟಿಗೆಗಳನ್ನು ಕೆಂಪಾಗಿಸುತ್ತಿತ್ತು. ಆ ಬೆಂಕಿಯ ಬಿಸಿ ಪುಕ್ಕಟೆಯಾಗಿ ಕೀತ್‌ನ ಬೆನ್ನಿಗೆ ಬರುತ್ತಿತ್ತು. ಲೆಕ್ಕದ ಪ್ರಕಾರ ಅವನಿಗೆ ಯಾವ ನಷ್ಟವೂ ಇರಲಿಲ್ಲ. ಆದರೂ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಮಂಚದ ಅವಳ ಕಡೆಯ ಅರ್ಧ ಮಾತ್ರ ಎಷ್ಟು ಕಾವು ಬಂದರೂ ಬೆಚ್ಚಗಾಗುತ್ತಿರಲಿಲ್ಲ. ತಾನೊಬ್ಬ ಮಹಾ ಮೂರ್ಖ ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

ಭಾನುವಾರ ಊಟದ ನಂತರ ಒಳ್ಳೆಯ ಷರ್ಟು ಹಾಕಿಕೊಂಡು ಪಕ್ಕದ ಮನೆಗೆ ಹೊರಟ. ಹೇಳಬೇಕಾದದ್ದು ಒಂದೇ ಮಾತು, ಮನೆಗೆ ಬಾ. ದಾರಿ ಹತ್ತು ಹೆಜ್ಜೆ. ಅಷ್ಟರೊಳಗೇ ಅದನ್ನು ನಾಲ್ಕು ಸಲ ಬಾಯಿಪಾಠ ಮಾಡಿದ. ಬಾಗಿಲು ತೆರೆದವಳು ಗೇನರಳೇ. ಒಳಗಿನ ಬಿಸಿಗಾಳಿ ಮುಖಕ್ಕೆ ಬಡಿಯಿತು. ಸ್ವೆಟರಿಲ್ಲ, ಕಾಲುಚೀಲವಿಲ್ಲ, ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ. ಬೆರಳುಗಳು ಎಳೆಮಗುವಿನವುಗಳಂತೆ ಕೆಂಪಗಿದ್ದವು. ಎಷ್ಟೋ ಚಳಿಗಾಲದಿಂದ ಆ ಬೆರಳುಗಳನ್ನು ಅವನು ಹಾಗೆ ನೋಡಿರಲಿಲ್ಲ.

“ಇಲ್ಲಿ ವಾರಕ್ಕೆ ಎಷ್ಟು ತಗೋತಾರೆ?” ಎಂದುಬಿಟ್ಟ.

“ನೂರ ಹತ್ತು.”

“ನಾನು ತೊಂಬತ್ತಕ್ಕೆ ಕೊಡ್ತೀನಿ. ಬಂದ್ಬಿಡು.”

ಅವನು ಹೇಳಬೇಕೆಂದಿದ್ದು ಅದಲ್ಲ, ದೇವರಾಣೆಗೂ ಅಲ್ಲ. ಒಳಗಿನಿಂದ ಬಂದದ್ದು ಸರಿಯಾದ ಮಾತೇ, ಬಾಯಿಗೆ ಬರುವಷ್ಟರಲ್ಲಿ ಅದಕ್ಕೊಂದು ಬೆಲೆ ಅಂಟಿಕೊಂಡಿತು. ಗೇನರ್ ಕಿತ್ತಳೆಯ ಒಂದು ತೊಳೆ ಬಿಡಿಸಿದಳು. ಅವಳ ಕಣ್ಣಲ್ಲಿ ಅವನಿಗೆ ಇನ್ನೂ ಒಂದಿಷ್ಟು ಜಾಗ ಉಳಿದಿತ್ತು.

“ಹೀಟರ್ ಸೇರಿಸಿಯಾ?”

ಕೀತ್ ಯೋಚಿಸಿದ. ಹೌದು ಎನ್ನಲೆಂದೇ ಬಾಯಿ ತೆರೆದಿದ್ದ. ಆದರೆ ತಲೆ ತಾನಾಗಿ ಗ್ಯಾಸಿನ ದರವನ್ನೂ ತೊಂಬತ್ತನ್ನೂ ಅಕ್ಕಪಕ್ಕ ಇಟ್ಟು ಕೂಡಿಸಿ ಕಳೆಯತೊಡಗಿತು. ಮೂರು ವರ್ಷದ ರೂಢಿ, ಅವನೇನು ಮಾಡಿಯಾನು? ಲೆಕ್ಕ ಮುಗಿಸಿ ಹೂಂ ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಅವಳು ಅದನ್ನು ಬಡಿಯಲಿಲ್ಲ, ಕಾವು ಹೊರಗೆ ಹೋಗದಂತೆ ಮೆತ್ತಗೆ ಒತ್ತಿ ಚಿಲಕ ಹಾಕಿದಳು.

ಒಳಗಿನಿಂದ ನೆವಿಲ್, ಯಾರಂತೆ, ಎಂದು ಕೇಳಿದ್ದು ಕೀತ್‌ಗೆ ಕೇಳಿಸಿತು.

“ಪಕ್ಕದ್ಮನೆಯವ್ರು,” ಎಂದಳು ಗೇನರ್.